ಅಘನಾಶಿನಿ ಕೊಳ್ಳದ ಸಿಂಗಳೀಕ: ಉಳಿದದ್ದು ಹೇಗೆ, ಸಿಕ್ಕಿಕೊಂಡದ್ದು ಎಲ್ಲಿ

ಶಿರಸಿ, ಸಿದ್ದಾಪುರ, ಹೊನ್ನಾವರದ ಕಾಡಿನ ಸುದ್ದಿ ಬಂದಾಗಲೆಲ್ಲ ಸಿಂಗಳೀಕದ ಹೆಸರೂ ಬರುತ್ತದೆ. ಅಣೆಕಟ್ಟು, ಸುರಂಗ, ರಸ್ತೆ ಅಗಲ ಮಾಡುವುದು, ಅಭಯಾರಣ್ಯದ ಗಡಿ, ವಿಷಯ ಯಾವುದೇ ಇರಲಿ, ಕಡೆಗೆ ಮಾತು ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತದೆ. ಅವು ಎಷ್ಟಿವೆ? ಕೆಲವು ನೂರು ಇವೆ ಅಂದರೆ ಒಬ್ಬರಿಗೆ ಸಮಾಧಾನ, ಇನ್ನೊಬ್ಬರಿಗೆ ಆತಂಕ. ನನ್ನ ಪ್ರಕಾರ ಎಣಿಕೆಗಿಂತ ಮೊದಲು ಕೇಳಬೇಕಾದ್ದು ಬೇರೆ ಇದೆ. ಈ ಪ್ರಾಣಿ ಎಷ್ಟು ನಿಧಾನವಾಗಿ ಬೆಳೆಯುತ್ತದೆ? ಎಲ್ಲಿಂದ ಎಲ್ಲಿಗೆ ಹೋಗಬಲ್ಲದು? ಇವೆರಡನ್ನು ಮನಸ್ಸಲ್ಲಿಟ್ಟುಕೊಂಡು ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಾಡಿನ ಹಿಂದಿನ ಕಥೆ ನೋಡಿದರೆ ಇವತ್ತಿನ ಜಗಳದ ಬೇರು ಎಲ್ಲಿದೆ ಅಂತ ಗೊತ್ತಾಗುತ್ತದೆ.

ಸಿಂಗಳೀಕ ಪಶ್ಚಿಮ ಘಟ್ಟದ್ದೇ ಪ್ರಾಣಿ. ಕರ್ನಾಟಕ, ಕೇರಳ, ತಮಿಳುನಾಡಿನ ಮಳೆಕಾಡು ಬಿಟ್ಟರೆ ಜಗತ್ತಿನ ಬೇರೆ ಯಾವ ಕಾಡಲ್ಲೂ ಇಲ್ಲ. ಕಪ್ಪು ಮುಖ, ಸುತ್ತ ಬೂದು ಬಣ್ಣದ ಕೇಸರ, ಬಾಲದ ತುದಿಯಲ್ಲಿ ಸಣ್ಣ ಕುಚ್ಚು. ಗುಂಪಿನಲ್ಲಿ ಸಾಮಾನ್ಯವಾಗಿ ಹತ್ತರಿಂದ ಇಪ್ಪತ್ತೈದು ಇರುತ್ತವೆ. ದೊಡ್ಡ ಗಂಡು ಹೆಚ್ಚಾಗಿ ಒಂದೇ. ಊರಿನ ಮಂಗ ತೋಟಕ್ಕೆ ನುಗ್ಗುತ್ತದೆ, ಮಾಡಿನ ಹೆಂಚು ತೆಗೆಯುತ್ತದೆ, ರಸ್ತೆ ಬದಿ ಕೂತು ಬಾಳೆಹಣ್ಣು ಕೇಳುತ್ತದೆ. ಮುಸಿಯ ಎಲೆ ತಿಂದುಕೊಂಡು ಒಣ ಕಾಡಲ್ಲೂ ಬದುಕುತ್ತದೆ. ಸಿಂಗಳೀಕಕ್ಕೆ ಈ ಎರಡೂ ಅಷ್ಟು ಸುಲಭವಲ್ಲ. ಅದಕ್ಕೆ ವರ್ಷವಿಡೀ ಹಣ್ಣು ಬೇಕು. ಹಣ್ಣು ಕಡಿಮೆಯಾದಾಗ ಹುಳ, ಜೇಡ, ಜೀರುಂಡೆ ಹುಡುಕಿ ತಿನ್ನಬೇಕು. ಅದಕ್ಕೆ ತೊಗಟೆ ಕೆದಕುತ್ತಾ, ಒಣಗಿ ಸುರುಳಿಯಾದ ಎಲೆ ಬಿಡಿಸುತ್ತಾ ದಿನದ ಬಹುಪಾಲು ಕಳೆಯುತ್ತದೆ. ಕೇರಳದ ಕಾಡಿನಲ್ಲಿ ಕುಲ್ಲೇನಿಯಾ ಅನ್ನುವ ಮರ ಇವಕ್ಕೆ ದೊಡ್ಡ ಆಸರೆ. ನಮ್ಮಲ್ಲಿ ಆ ಮರ ಇಲ್ಲ. ಇಲ್ಲಿನ ಗುಂಪುಗಳು ಆಲ ಅತ್ತಿಯ ಜಾತಿಗಳು, ಹೆಬ್ಬಲಸು, ನೇರಳೆ, ಬೈನೆ, ಉಪ್ಪಾಗೆ ಹೀಗೆ ಸಿಕ್ಕಿದ್ದರಲ್ಲಿ ವರ್ಷ ದೂಡುತ್ತವೆ. ಒಂದೇ ಕಡೆ ಅಷ್ಟೂ ಮರ ಸಿಗುವುದಿಲ್ಲ. ಅದಕ್ಕೇ ಒಂದು ಗುಂಪಿಗೆ ಹಲವು ಚದರ ಕಿಲೋಮೀಟರ್ ಕಾಡು ಬೇಕು. ದಿನವೂ ನಡೆಯಬೇಕು, ಅದೂ ಮರದ ಮೇಲೆಯೇ.

ಇನ್ನು ಬೆಳವಣಿಗೆ. ಕಾಡಿನಲ್ಲಿ ಹೆಣ್ಣು ಸಿಂಗಳೀಕ ಮೊದಲ ಸಲ ತಾಯಿಯಾಗುವುದು ಆರೂವರೆ ವರ್ಷದ ಹೊತ್ತಿಗೆ. ಗರ್ಭದ ಅವಧಿ ಐದೂವರೆ ತಿಂಗಳು, ಒಂದು ಸಲಕ್ಕೆ ಒಂದೇ ಮರಿ. ಅದಾದ ಮೇಲೆ ಇನ್ನೊಂದು ಮರಿ ಬರಲು ಹೆಚ್ಚುಕಡಿಮೆ ಮೂರು ವರ್ಷ. ಇಪ್ಪತ್ತು ವರ್ಷ ಬದುಕಿತು ಅಂತಿಟ್ಟುಕೊಂಡರೂ ಒಂದು ಹೆಣ್ಣಿಗೆ ನಾಲ್ಕೋ ಐದೋ ಮರಿ. ಅದರಲ್ಲಿ ಅರ್ಧ ಗಂಡು. ಕೆಲವು ಚಿಕ್ಕಂದಿನಲ್ಲೇ ಸಾಯುತ್ತವೆ. ಊರಿನ ಮಂಗ ಅನುಕೂಲ ಇದ್ದರೆ ಹೆಚ್ಚುಕಡಿಮೆ ವರ್ಷಕ್ಕೊಂದು ಮರಿ ಹಾಕುತ್ತದೆ. ಒಂದು ಗುಂಪಿನಿಂದ ಎರಡು ಹೆಣ್ಣು ಸತ್ತರೆ ಮಂಗಗಳು ಬೇಗ ತುಂಬಿಕೊಳ್ಳುತ್ತವೆ, ಸಿಂಗಳೀಕಗಳಿಗೆ ಅದು ಹತ್ತು ವರ್ಷದ ನಷ್ಟ. ಇವತ್ತು ಮಾಡಿದ ತಪ್ಪಿನ ಫಲ ಎಣಿಕೆಯಲ್ಲಿ ಕಾಣಿಸಿಕೊಳ್ಳುವ ಹೊತ್ತಿಗೆ ಆ ತಪ್ಪು ಮಾಡಿದ ಅಧಿಕಾರಿ ಎಲ್ಲೋ ವರ್ಗವಾಗಿ ಹೋಗಿರುತ್ತಾರೆ.

ಓಡಾಟದ ಮಾತಿನಲ್ಲಿ ಗಂಡು ಮತ್ತು ಹೆಣ್ಣಿನ ದಾರಿ ಬೇರೆ ಬೇರೆ. ಹೆಣ್ಣು ಹುಟ್ಟಿದ ಗುಂಪಿನಲ್ಲೇ ಉಳಿಯುತ್ತದೆ. ಗಂಡು ಪ್ರಾಯಕ್ಕೆ ಬಂದಾಗ ಗುಂಪು ಬಿಟ್ಟು ಹೊರಡುತ್ತದೆ, ಬೇರೆ ಗುಂಪು ಹುಡುಕುತ್ತದೆ. ಒಂದು ಕೊಳ್ಳದ ರಕ್ತ ಇನ್ನೊಂದು ಕೊಳ್ಳಕ್ಕೆ ತಲುಪುವುದು ಈ ಒಂಟಿ ಗಂಡುಗಳ ಮೂಲಕ ಮಾತ್ರ. ಅವು ನೆಲಕ್ಕೆ ಇಳಿಯುವುದೇ ಇಲ್ಲ ಅಂತಲ್ಲ. ಬೇರೆ ದಾರಿ ಇಲ್ಲದಿದ್ದರೆ ಇಳಿಯುತ್ತವೆ. ಆದರೆ ನೆಲದಲ್ಲಿ ನಾಯಿ, ಚಿರತೆ, ವಾಹನ ಎಲ್ಲದರ ಬಾಯಿಗೂ ಸುಲಭವಾಗಿ ಸಿಗುತ್ತವೆ. ಹಾಗಾಗಿ ಮರದಿಂದ ಮರಕ್ಕೆ ತಾಗಿದ ಹಂದರ ಎಲ್ಲಿ ಕಡಿಯುತ್ತದೋ ಅಲ್ಲಿಗೆ ಅವುಗಳ ಊರು ಮುಗಿಯಿತು. ಗುಂಪುಗಳ ಲೆಕ್ಕ ಅಷ್ಟೇ ಇದ್ದರೂ ಅವುಗಳ ನಡುವಿನ ಸಂಬಂಧ ಕಡಿದುಹೋಗಿರಬಹುದು. ಎಣಿಸಿದರೆ ಅದು ಗೊತ್ತೇ ಆಗುವುದಿಲ್ಲ.

ಹಾಗಿದ್ದರೆ ನಮ್ಮಲ್ಲಿ ಇಷ್ಟಾದರೂ ಉಳಿದದ್ದು ಹೇಗೆ? ಸಿಂಗಳೀಕಗಳ ನೆಲೆಯ ಉತ್ತರ ತುದಿ ಈಗ ಶಿರಸಿ-ಹೊನ್ನಾವರದ ಕಾಡು. ದಕ್ಷಿಣದಲ್ಲಿ ಎಷ್ಟೋ ಕಡೆ ಚಹ ಕಾಫಿ ತೋಟಗಳ ನಡುವಿನ ತುಂಡು ಕಾಡಿನಲ್ಲಿ ಅವು ಸಿಕ್ಕಿಬಿದ್ದಿವೆ. ಇಲ್ಲಿ ಕಣಿವೆಯ ಇಳಿಜಾರಿನಲ್ಲಿ ಕಾಡು ಇನ್ನೂ ಸಾಕಷ್ಟು ಜೋಡಿಕೊಂಡಿದೆ. ಘಟ್ಟದ ಮೇಲಿನ ಹಳ್ಳಿಗಳು ಹಿಂದಿನಿಂದ ಕಾನು ಕಾಪಾಡಿಕೊಂಡು ಬಂದವು. ಕಾನು ಅಂದರೆ ದೇವರಿದ್ದ ಕಾಡು, ನೀರಿನ ಕಾಡು, ಕಾಳುಮೆಣಸಿನ ಕಾಡು. ಅಡಿಕೆ ತೋಟದ ಪಕ್ಕದಲ್ಲಿ ಸೊಪ್ಪಿನ ಬೆಟ್ಟ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡು, ಬಂತು. ಬ್ರಿಟಿಷರ ಕಾಲದಲ್ಲೇ ಒಂದು ಎಕರೆ ತೋಟಕ್ಕೆ ಒಂಬತ್ತು ಎಕರೆವರೆಗೆ ಬೆಟ್ಟ ಬಳಸುವ ಹಕ್ಕು ಸಿಕ್ಕಿತ್ತು. ಬೆಟ್ಟದಲ್ಲಿ ಸೊಪ್ಪು ಕಡಿದು ಕಡಿದು ಮರಗಳು ಬೋಳಾದ ಜಾಗಗಳೂ ಇವೆ, ಅದನ್ನು ಮುಚ್ಚಿಡಬೇಕಾಗಿಲ್ಲ. ಆದರೂ ಮರ ಬುಡಸಹಿತ ಹೋಗಲಿಲ್ಲ. ಮಂಗನ ಜಾತಿಯನ್ನು ಕೊಲ್ಲಬಾರದು ಅನ್ನುವ ಹನುಮಂತನ ಭಕ್ತಿಯೂ ಸೇರಿಕೊಂಡಿತು. ಬೇಟೆ ಇಲ್ಲವೇ ಇಲ್ಲ ಅನ್ನಲಾಗದು. ಆದರೆ ಘಟ್ಟದ ಬೇರೆ ಕೆಲವು ಕಡೆ ಕೋವಿಯೇ ಗುಂಪು ಗುಂಪನ್ನು ಖಾಲಿ ಮಾಡಿದ ಹಾಗೆ ಇಲ್ಲಿ ಆಗಲಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ನಾಟಾದಿಂದ. ಬ್ರಿಟಿಷರ ಕಣ್ಣು ಹೆಚ್ಚಾಗಿ ದಾಂಡೇಲಿ, ಯಲ್ಲಾಪುರ ಕಡೆಯ ಸಾಗವಾನಿಯ ಮೇಲೆ ಇತ್ತು. ಘಟ್ಟದ ಇಳಿಜಾರಿನ ನಿತ್ಯಹರಿದ್ವರ್ಣ ಕಾಡಿಗೆ ಕೊಡಲಿ ಜೋರಾಗಿ ಬಿದ್ದದ್ದು ತಡವಾಗಿ, ರೈಲ್ವೆ ಸ್ಲೀಪರು, ಪ್ಲೈವುಡ್ಡು, ಬೆಂಕಿಪೊಟ್ಟಣದ ಕಡ್ಡಿಗೆ. ಪೂರ್ತಿ ಕಾಡು ಬೋಳಿಸುತ್ತಿರಲಿಲ್ಲ, ದಪ್ಪ ಮರ ಆರಿಸಿ ಕಡಿಯುತ್ತಿದ್ದರು. ಕಾಗದದ ಮೇಲೆ ಅದು ಸೌಮ್ಯವಾದ ಪದ್ಧತಿ. ಆದರೆ ಒಂದು ದೊಡ್ಡ ಮರ ಬೀಳುವಾಗ ಸುತ್ತಲಿನ ಹತ್ತು ಮರ ಮುರಿಯುತ್ತವೆ, ಎಳೆಯಲು ದಾರಿ ಬೇಕು, ಲಾರಿಗೆ ರಸ್ತೆ ಬೇಕು. ಸಿಂಗಳೀಕದ ದೃಷ್ಟಿಯಿಂದ ಮೇಲಿನ ದಾರಿ ಅಲ್ಲಲ್ಲಿ ಕುಸಿದ ಸೇತುವೆಯಂತಾಯಿತು. ಶರಾವತಿಯಲ್ಲಿ 1964ರಲ್ಲಿ ಲಿಂಗನಮಕ್ಕಿ ತುಂಬಿತು. ಮುಂದೆ ಗೇರುಸೊಪ್ಪೆಯ ಅಣೆಕಟ್ಟು ಕೆಳಗಿನ ಕೊಳ್ಳವನ್ನೂ ಮುಳುಗಿಸಿತು. ಮರದ ಮೇಲೆ ಬದುಕುವ ಪ್ರಾಣಿಗೆ ಅಗಲವಾದ ನೀರು ದಾಟುವ ದಾರಿ ಇಲ್ಲ.

1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲ್ಲೂಕಿನ ಸಾಲ್ಕಣಿಯ ಜನ ಕಳಸೆ ಕಾಡಿಗೆ ಹೋಗಿ ಮರ ಅಪ್ಪಿಕೊಂಡರು. ಅಪ್ಪಿಕೋ ಚಳವಳಿ ಶುರುವಾದದ್ದು ಅಲ್ಲಿಂದ. ಅವರಿಗೆ ಚಿಂತೆ ಇದ್ದದ್ದು ತಮ್ಮ ನೀರು, ಸೊಪ್ಪು, ತೋಟದ್ದು. ಸಿಂಗಳೀಕದ ಹೆಸರಲ್ಲಿ ಯಾರೂ ಮರ ಅಪ್ಪಲಿಲ್ಲ. ಆದರೂ ಮುಂದಿನ ವರ್ಷಗಳಲ್ಲಿ ಈ ಕಾಡುಗಳಲ್ಲಿ ಹಸಿ ಮರ ಕಡಿಯುವುದು ನಿಂತದ್ದರಿಂದ ಅತಿ ಜಾಸ್ತಿ ಲಾಭವಾದ ಪ್ರಾಣಿಗಳಲ್ಲಿ ಸಿಂಗಳೀಕವೂ ಒಂದು ಅಂತ ನಾನು ನಂಬಿದ್ದೇನೆ. ಇಂದು ಗುಂಪುಗಳು ಓಡಾಡುವ ಎಷ್ಟೋ ಕಾಡು ಒಮ್ಮೆ ಆರಿಸಿ ಕಡಿದ ಕಾಡೇ. ನಾಲ್ಕು ದಶಕ ಕೊಡಲಿ ದೂರ ಇದ್ದದ್ದಕ್ಕೆ ಹಂದರ ಮತ್ತೆ ಕೂಡಿಕೊಂಡಿದೆ. ಅಘನಾಶಿನಿಗೆ ಇವತ್ತಿಗೂ ದೊಡ್ಡ ಅಣೆಕಟ್ಟು ಇಲ್ಲದಿರುವುದೂ ಸುಮ್ನೆ ಬಂದ ಅದೃಷ್ಟ ಅಲ್ಲ. ಬೇಡ್ತಿ, ಅಘನಾಶಿನಿ ನದಿಗಳ ಅಣೆಕಟ್ಟು ಯೋಜನೆಗಳ ವಿರುದ್ಧ ಇಲ್ಲಿನ ಜನ ವರ್ಷಗಟ್ಟಲೆ ಸಭೆ ಮಾಡಿದರು, ವಿಜ್ಞಾನಿಗಳನ್ನು ಕರೆಸಿ ಲೆಕ್ಕ ಕೇಳಿದರು.

ಅದೇ ಕಾಲಕ್ಕೆ ಕೇರಳದ ಸೈಲೆಂಟ್ ವ್ಯಾಲಿಯಲ್ಲಿ ಸಿಂಗಳೀಕ ದೇಶಕ್ಕೆಲ್ಲ ಪರಿಚಯವಾಗಿತ್ತು. ಅಲ್ಲಿನ ವಿದ್ಯುತ್ ಯೋಜನೆ ನಿಂತು 1984ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು. ಉತ್ತರ ಕನ್ನಡದ ಸಿಂಗಳೀಕದ ಕಡೆ ಗಮನ ಬರಲು ಇನ್ನೂ ತಡವಾಯಿತು. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1980ರ ದಶಕದಲ್ಲಿ ಕರ್ನಾಟಕದ ಮಳೆಕಾಡುಗಳಲ್ಲಿ ಸಮೀಕ್ಷೆ ಮಾಡಿದ್ದರು. ಆಮೇಲೆ 2000ದ ದಶಕದಲ್ಲಿ ಹೊನ್ನವಳ್ಳಿ ಕುಮಾರ, ಮೇವಾ ಸಿಂಗ್ ಮತ್ತು ಜೊತೆಗಾರರು ಶಿರಸಿ-ಹೊನ್ನಾವರದ ಕಾಡನ್ನು ಸುತ್ತಿ 32 ಗುಂಪು, 600ಕ್ಕೂ ಜಾಸ್ತಿ ಸಿಂಗಳೀಕಗಳ ಲೆಕ್ಕ ಕೊಟ್ಟರು. ಪಶ್ಚಿಮ ಘಟ್ಟದಲ್ಲೆಲ್ಲ ಸೇರಿ ಸುಮಾರು 4000 ಇರಬಹುದು ಅನ್ನುವ ಪ್ರಾಣಿಗೆ ಇದು ಚಿಕ್ಕ ಸಂಖ್ಯೆ ಅಲ್ಲ. ಇದೇ ಕಾಡಿನ ಕತ್ತಲೆಕಾನಿನಲ್ಲಿ ರಾಮಪತ್ರೆ ಜಡ್ಡಿಗಳಿವೆ. ನೀರಿನಿಂದ ಬೇರು ಮೇಲೆ ಎತ್ತಿ ನಿಲ್ಲುವ ಹಳೇ ಕಾಲದ ಮರಗಳ ಜೌಗು. ಆ ಕಾನಿನ ಹೆಸರನ್ನೇ ಹೊತ್ತ ಹೊಸ ಮರಜಾತಿಯೊಂದನ್ನು 2000ದಲ್ಲಿ ವಿಜ್ಞಾನಿಗಳು ಗುರುತಿಸಿದ್ದರು.

2011ರಲ್ಲಿ 299.52 ಚದರ ಕಿಲೋಮೀಟರ್ ಕಾಡು ಅಘನಾಶಿನಿ ಸಿಂಗಳೀಕ ಸಂರಕ್ಷಣಾ ಮೀಸಲು ಪ್ರದೇಶ ಆಯಿತು. ಈ ಮಾದರಿ ನನಗೆ ಇವತ್ತಿಗೂ ಮೆಚ್ಚುಗೆ. 2002ರಲ್ಲಿ ವನ್ಯಜೀವಿ ಕಾಯ್ದೆಗೆ ತಿದ್ದುಪಡಿ ತಂದು ಮಾಡಿದ ವ್ಯವಸ್ಥೆ ಇದು. ಸರ್ಕಾರಿ ಕಾಡಿಗೆ ರಕ್ಷಣೆ, ಊರಿನವರ ಹಕ್ಕಿಗೆ ಧಕ್ಕೆ ಇಲ್ಲ, ಯಾರನ್ನೂ ಎಬ್ಬಿಸುವುದಿಲ್ಲ. ಸಿಂಗಳೀಕ ಮತ್ತು ಅಡಿಕೆ ಬೆಳೆಗಾರ ಒಂದೇ ಕೊಳ್ಳದಲ್ಲಿ ಇಷ್ಟು ಕಾಲ ಇದ್ದಾರೆ ಅಂದಮೇಲೆ ಕಾನೂನೂ ಅದನ್ನು ಒಪ್ಪಿಕೊಂಡಂತೆ ಆಯಿತು, ಅಲ್ವಾ?

ಆದರೆ ಒಂದು ಪೈಪೋಟಿ ಮಾತ್ರ ಬಗೆಹರಿಯಲಿಲ್ಲ. ಅದು ಉಪ್ಪಾಗೆಯದ್ದು. ಕೇರಳದ ಮೀನು ಸಾರಿಗೆ ಹುಳಿಯಾಗಿ ಹೋಗುತ್ತಿದ್ದ ಈ ಹಣ್ಣಿನ ಸಿಪ್ಪೆಗೆ 1990ರ ದಶಕದಲ್ಲಿ ಬೊಜ್ಜು ಕರಗಿಸುವ ಔಷಧಿಯ ಮಾರುಕಟ್ಟೆ ಸಿಕ್ಕಿತು. ದರ ಏರಿದ ವರ್ಷಗಳಲ್ಲಿ ಪಕ್ವವಾಗುವ ಮೊದಲೇ ಕಾಯಿ ಕೊಯ್ದರು, ಕೊಂಬೆಯನ್ನೇ ಕಡಿದರು. ಮಳೆಗಾಲದಲ್ಲಿ ಬಿಸಿಲಿಲ್ಲ, ಸಿಪ್ಪೆ ಒಣಗಿಸಲು ಒಲೆ ಹಾಕಬೇಕು. ಅದಕ್ಕೆ ರಾಶಿ ಕಟ್ಟಿಗೆ. ಹಾಗಂತ ಉಪ್ಪಾಗೆ ಕೊಯ್ಯುವವರ ಮೇಲೆ ಬೆರಳು ತೋರಿಸುವುದು ನ್ಯಾಯ ಅಲ್ಲ. ಮಳೆಗಾಲದಲ್ಲಿ ಕೂಲಿ ಕೆಲಸ ಕಡಿಮೆ, ಎಷ್ಟೋ ಮನೆಗಳಿಗೆ ಆ ಹೊತ್ತಿಗೆ ಕೈಗೆ ಬರುವ ದುಡ್ಡು ಇದೊಂದೇ. ಹಣ್ಣಾಗುವವರೆಗೆ ಕಾಯುವುದು, ಎತ್ತರದ ಕೊಂಬೆಯದ್ದನ್ನು ಮರಕ್ಕೇ ಬಿಡುವುದು, ಕಟ್ಟಿಗೆ ಕಡಿಮೆ ಬೇಕಾಗುವ ಒಲೆ ಬಳಸುವುದು, ಇವೆಲ್ಲ ಊರಿನವರು ಒಟ್ಟಾಗಿ ನಿರ್ಧರಿಸಿದಾಗ ಮಾತ್ರ ನಡೆಯುತ್ತವೆ. ಒಬ್ಬರು ಕಾದರೆ ಇನ್ನೊಬ್ಬರು ಕೊಯ್ದುಕೊಂಡು ಹೋಗುತ್ತಾರೆ. ಗ್ರಾಮ ಅರಣ್ಯ ಸಮಿತಿಗಳಿಗೆ ನಿಜವಾದ ಕೆಲಸ ಇರುವುದು ಇಲ್ಲೇ.

2019ರಲ್ಲಿ ಚಿತ್ರ ಬದಲಾಯಿತು. ಅಘನಾಶಿನಿ ಮೀಸಲು ಪ್ರದೇಶ, ಶರಾವತಿ ಅಭಯಾರಣ್ಯದ 431.23 ಚದರ ಕಿಲೋಮೀಟರ್, ನಡುವಿನ 199.41 ಚದರ ಕಿಲೋಮೀಟರ್ ಕಾಡು, ಎಲ್ಲವನ್ನೂ ಸೇರಿಸಿ ಶರಾವತಿ ಕಣಿವೆ ಸಿಂಗಳೀಕ ಅಭಯಾರಣ್ಯ ಮಾಡಿದರು. ಒಟ್ಟು 930.16 ಚದರ ಕಿಲೋಮೀಟರ್. ಸಿಂಗಳೀಕದ ಓಡಾಟದ ದೃಷ್ಟಿಯಿಂದ ಇದರಲ್ಲಿ ಅತಿ ಬೆಲೆಯುಳ್ಳದ್ದು ಆ ನಡುವಿನ ಕಾಡು. ಎರಡು ಕೊಳ್ಳದ ಗುಂಪುಗಳನ್ನು ಜೋಡಿಸುವುದು ಅದೇ. ಆದರೆ ಮೀಸಲು ಪ್ರದೇಶದ ಸಡಿಲ ನಿಯಮ ಹೋಗಿ ಅಭಯಾರಣ್ಯದ ಬಿಗಿ ನಿಯಮ ಬಂದಾಗ ಹಳ್ಳಿಗಳಲ್ಲಿ ಆತಂಕ ಹುಟ್ಟಿತು. ಬೆಟ್ಟದ ಹಕ್ಕು ಏನಾಗುತ್ತದೆ, ಊರಿನ ರಸ್ತೆ ದುರಸ್ತಿಗೂ ಅನುಮತಿ ಬೇಕಾ ಅಂತ ಜನ ಕೇಳಿದರು. ಆ ಪ್ರಶ್ನೆಗಳನ್ನು ಗಡಿ ಬರೆಯುವ ಮೊದಲೇ ಕೂತು ಕೇಳಬೇಕಿತ್ತು.

ಜನರ ಅಸಮಾಧಾನಕ್ಕೆ ಇನ್ನೊಂದು ಕಾರಣವೂ ಸೇರಿಕೊಂಡಿದೆ. ತಮಗೆ ಒಂದು ಕಾಲುದಾರಿಗೂ ತಕರಾರು ತೆಗೆಯುವ ಅದೇ ಅಭಯಾರಣ್ಯದೊಳಗೆ 2000 ಮೆಗಾವ್ಯಾಟ್‌ನ ಶರಾವತಿ ಪಂಪ್ಡ್ ಸ್ಟೋರೇಜ್ ಯೋಜನೆ ಬರಲು ಹೊರಟಿದೆ. ತಲಕಳಲೆ ಮತ್ತು ಗೇರುಸೊಪ್ಪೆಯ ಈಗಿರುವ ಎರಡು ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗೆ ಬಿಡುವ ಯೋಜನೆ. 2025ರಲ್ಲಿ ರಾಜ್ಯ ವನ್ಯಜೀವಿ ಮಂಡಳಿ ಇದಕ್ಕೆ ಒಪ್ಪಿಗೆ ಕೊಟ್ಟಿತು. ಅದೇ ವರ್ಷದ ಸೆಪ್ಟೆಂಬರಿನಲ್ಲಿ ನಡೆದ ಸಾರ್ವಜನಿಕ ಅಹವಾಲು ಸಭೆಗಳಲ್ಲಿ ಜನ ಜೋರಾಗಿ ವಿರೋಧಿಸಿದರು. ಹೆಚ್ಚಿನ ಕೆಲಸ ನೆಲದಡಿ, ಸುರಂಗದಲ್ಲಿ ನಡೆಯುತ್ತದೆ ಅನ್ನುವುದು ಯೋಜನೆಯ ಪರ ಇರುವವರ ವಾದ. ಸುರಂಗ ನೆಲದಡಿಯೇ ಇರಬಹುದು. ಆದರೆ ಅದನ್ನು ಕೊರೆಯುವ ಯಂತ್ರ, ತೆಗೆದ ಕಲ್ಲು ಹೊರುವ ಲಾರಿ, ಕೆಲಸದವರ ವಸತಿ, ವಿದ್ಯುತ್ ತಂತಿ ಎಲ್ಲ ನೆಲದ ಮೇಲೆ. ಘಟ್ಟದ ಇಳಿಜಾರಿನಲ್ಲಿ ಕಿರಿದಾದ ರಸ್ತೆಯನ್ನು ಭಾರೀ ಲಾರಿ ಹೋಗುವಷ್ಟು ಅಗಲ ಮಾಡಿದರೆ ಎರಡು ಬದಿಯ ಕೊಂಬೆ ಮತ್ತೆ ತಾಗುವುದಿಲ್ಲ. ಎಷ್ಟು ಹೆಕ್ಟೇರ್ ಕಾಡು ಹೋಗುತ್ತದೆ ಅನ್ನುವ ಲೆಕ್ಕದಲ್ಲಿ ಈ ನಷ್ಟ ಬರುವುದೇ ಇಲ್ಲ.

ಇಂಥ ಕಡೆ ಮರಗಳ ನಡುವೆ ತೂಗುಸೇತುವೆ ಕಟ್ಟುತ್ತೇವೆ ಅನ್ನುವ ಮಾತು ಬರುತ್ತದೆ. ತಮಿಳುನಾಡಿನ ವಾಲ್ಪಾರೈಯಲ್ಲಿ ಹಳೇ ಅಗ್ನಿಶಾಮಕ ಪೈಪಿನಿಂದ ಕಟ್ಟಿದ ಅಂಥ ಸೇತುವೆಗಳನ್ನು ಸಿಂಗಳೀಕಗಳು ಬಳಸುತ್ತವೆ, ನಿಜ. ಅದು ಒಳ್ಳೆಯ ಕೆಲಸ. ಆದರೆ ಅಲ್ಲಿ ಕಾಡು ಮೊದಲೇ ತುಂಡಾಗಿ, ಗುಂಪುಗಳು ರಸ್ತೆಗೆ ಇಳಿದು, ವಾಹನಕ್ಕೆ ಸಿಕ್ಕಿ ಸಾಯತೊಡಗಿದ ಮೇಲೆ ಬಂದ ಉಪಾಯ ಅದು. ಆಗುಂಬೆ ಘಾಟಿಯಲ್ಲಿ ಪ್ರವಾಸಿಗರು ತಿಂಡಿ ಎಸೆದು ಸಿಂಗಳೀಕಗಳನ್ನು ರಸ್ತೆಗೆ ಇಳಿಯುವಂತೆ ಮಾಡಿದ್ದನ್ನೂ ನಾವು ನೋಡಿದ್ದೇವೆ. ಇನ್ನೂ ಮರದ ಮೇಲೆಯೇ ಬದುಕುತ್ತಿರುವ ನಮ್ಮ ಗುಂಪುಗಳನ್ನು ಆ ಸ್ಥಿತಿಗೆ ತಂದು ಆಮೇಲೆ ಪೈಪು ಕಟ್ಟುವುದು ಬೇಕಿಲ್ಲ.

ಕುಮಟಾ-ಶಿರಸಿ ರಸ್ತೆಯ ದೇವಿಮನೆ ಘಟ್ಟದಲ್ಲಿ ಅಗಲ ಮಾಡಲು ಎಷ್ಟೊಂದು ಮರ ಹೋದವು ಅಂತ ಆ ದಾರಿಯಲ್ಲಿ ಓಡಾಡುವ ಎಲ್ಲರಿಗೂ ಗೊತ್ತು. ರಸ್ತೆ ಬೇಡ ಅನ್ನುವವನು ನಾನಲ್ಲ. ಆಸ್ಪತ್ರೆಗೆ ಹೋಗಬೇಕಾದವರಿಗೆ ಆ ಘಟ್ಟ ಎಷ್ಟು ಕಷ್ಟ ಅಂತಲೂ ಗೊತ್ತಿದೆ. ನನ್ನ ಕೇಳಿಕೆ ಇಷ್ಟೇ. ಈ ಕೊಳ್ಳಗಳಲ್ಲಿ ಯಾವುದೇ ಹೊಸ ರಸ್ತೆ, ತಂತಿ, ಸುರಂಗದ ಬಾಯಿ ಗುರುತು ಮಾಡುವ ಮೊದಲು ಮರಗಳ ಹಂದರ ಎಲ್ಲೆಲ್ಲಿ ಕೂಡಿದೆ ಅನ್ನುವ ನಕ್ಷೆ ಮೇಜಿನ ಮೇಲಿರಬೇಕು. ಗುಂಪು ಬಿಟ್ಟ ಗಂಡುಗಳು ಯಾವ ದಾರಿ ಹಿಡಿಯುತ್ತವೆ ಅಂತ ವರ್ಷಗಟ್ಟಲೆ ಗಮನಿಸಿದ ಮಾಹಿತಿ ಇರಬೇಕು. ಮೂರು ವರ್ಷಕ್ಕೊಂದು ಮರಿ ಹಾಕುವ ಪ್ರಾಣಿಯ ಬಗ್ಗೆ ಕೆಲವೇ ತಿಂಗಳಲ್ಲಿ ಮುಗಿಸಿದ ಸಮೀಕ್ಷೆ ನೋಡಿ ಅನುಮತಿ ಕೊಡುವುದನ್ನು ಮೊದಲು ನಿಲ್ಲಿಸಬೇಕು.