ಭದ್ರಾವತಿಗೆ ಹೋಗಲು ರೈಲು ಯಾಕಾಗಲ್ಲ?

ಶಿವಮೊಗ್ಗ, ಭದ್ರಾವತಿ ನಡುವೆ ದಿನಾ ಕೆಲಸಕ್ಕೆ, ಕಾಲೇಜಿಗೆ ಓಡಾಡುವ ಯಾರನ್ನಾದರೂ ಕೇಳಿ, ರೈಲಿಗೆ ಯಾಕೆ ಹೋಗಲ್ಲ ಅಂತ. ಉತ್ತರ ಒಂದೇ: "ಟೈಮ್ ಆಗಲ್ಲ." ಎರಡೂ ಊರಿನ ನಡುವೆ ಹೆಚ್ಚೆಂದರೆ ಇಪ್ಪತ್ತು ಕಿಲೋಮೀಟರ್. ಹಳಿ ಹಾಕಿ ನೂರಿಪ್ಪತ್ತು ವರ್ಷ ದಾಟಿದೆ. ಟಿಕೆಟ್ಟೂ ಅಗ್ಗ. ಆದರೂ ಬೆಳಗ್ಗೆ ಎಂಟೂವರೆಗೆ ಜನ ನಿಂತಿರುವುದು ಬಸ್ ಸ್ಟ್ಯಾಂಡಿನಲ್ಲಿ.

ರೈಲು ಇಲ್ಲ ಅಂತಲ್ಲ. ಬೆಂಗಳೂರಿಗೆ, ಮೈಸೂರಿಗೆ ಹೋಗುವವು ಇವೆ. ಚಿಕ್ಕಮಗಳೂರು, ತುಮಕೂರು ಕಡೆಯ ಪ್ಯಾಸೆಂಜರ್‌ಗಳೂ ಇವೆ. ಆದರೆ ಈ ಲೈನಿನ ವೇಳಾಪಟ್ಟಿ ಇಲ್ಲಿನವರ ದಿನಚರಿ ನೋಡಿ ಬರೆದದ್ದಲ್ಲ. ಯಾವತ್ತೂ ಆಗಿರಲಿಲ್ಲ ಅನ್ನುವುದು ನನ್ನ ಲೆಕ್ಕ.

ಬೆಂಗಳೂರು–ಹರಿಹರ ಲೈನ್ 1889ರಲ್ಲಿ ಮುಗಿಯಿತು. ಅದಾಗಿ ಹತ್ತು ವರ್ಷಕ್ಕೆ, 1899ರಲ್ಲಿ, ಆ ಲೈನಿನ ಬೀರೂರಿನಿಂದ ಒಂದು ಕವಲು ಒಡೆದು ಶಿವಮೊಗ್ಗಕ್ಕೆ ಬಂತು. ತರೀಕೆರೆ ದಾಟಿ, ಭದ್ರಾ ದಾಟಿ, ತುಂಗಾ ದಾಟಿ ಸುಮಾರು 60 ಕಿಲೋಮೀಟರ್ ಮೀಟರ್ ಗೇಜ್, ಅಂದರೆ ಎರಡು ಹಳಿ ನಡುವೆ ಒಂದು ಮೀಟರ್ ಅಂತರ. ಮಲೆನಾಡಿನ ಮರ, ಅಡಿಕೆ ಹೊರಗೆ ಹೋಗಬೇಕಿತ್ತು. ಆಮೇಲೆ 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಅದಿರು ಕೆಮ್ಮಣ್ಣುಗುಂಡಿಯಿಂದ, ಇದ್ದಿಲು ಸುತ್ತಲಿನ ಕಾಡಿನಿಂದ. ರೈಲಿಗೆ ಸರಕೇ ಮುಖ್ಯ, ಜನ ಆಮೇಲೆ.

ಶಿವಮೊಗ್ಗದಿಂದ ಮುಂದಕ್ಕೆ ಹಳಿ ಬೆಳೆದದ್ದು 1930ರ ದಶಕದಲ್ಲಿ. ಕುಂಸಿ, ಅರಸಾಳು, ಆನಂದಪುರ, ಸಾಗರ ಅಂತ ಕಾಡು ಕಡಿದುಕೊಂಡು ಹೋಗಿ, 1940ರ ಹೊತ್ತಿಗೆ ತಾಳಗುಪ್ಪ ಮುಟ್ಟಿತು. ಜೋಗದಲ್ಲಿ ವಿದ್ಯುತ್ ಯೋಜನೆಯ ಕೆಲಸ ಆಗಷ್ಟೇ, 1939ರಲ್ಲಿ, ಶುರುವಾಗಿತ್ತು. ತಾಳಗುಪ್ಪದಿಂದ ಜೋಗ ಹತ್ತಿರ. ಅಲ್ಲಿಂದ ಮುಂದೆ ಘಟ್ಟ, ಶರಾವತಿ ಕಣಿವೆ, ಅದರ ಕೆಳಗೆ ಹೊನ್ನಾವರ. ಹೊನ್ನಾವರದವರೆಗೆ ಎಳೆಯಿರಿ ಅನ್ನುವ ಬೇಡಿಕೆ ನಮ್ಮಲ್ಲಿ ಎಷ್ಟು ಹಳೆಯದು ಅಂದರೆ, ಅದನ್ನು ಕೇಳುತ್ತಲೇ ದೊಡ್ಡವರಾದವರು ಈಗ ಅಜ್ಜಂದಿರಾಗಿದ್ದಾರೆ.

ಹಳಿ ತಾಳಗುಪ್ಪದಲ್ಲಿ ನಿಂತುಹೋದದ್ದಕ್ಕೂ ಭದ್ರಾವತಿಯ ಎಂಟೂವರೆಗೂ ಏನು ಸಂಬಂಧ? ಇದೆ. ಎರಡೂ ತುದಿ ಬಿಚ್ಚಿರುವ ಲೈನಿನಲ್ಲಿ ಹೊತ್ತು ಹೊತ್ತಿಗೆ ಯಾವುದೋ ಊರಿನ ರೈಲು ಹಾದುಹೋಗುತ್ತದೆ. ಅರಸೀಕೆರೆಯಲ್ಲಿ ನಿಂತು ನೋಡಿ, ಗೊತ್ತಾಗುತ್ತದೆ. ತುದಿ ಮುಚ್ಚಿದ ಲೈನಿಗೆ ಬಂದ ರೈಲು ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಅದು ರಾತ್ರಿ ಎಲ್ಲಿ ಮಲಗುತ್ತದೆ, ಯಾರು ತೊಳೆಯುತ್ತಾರೆ, ಬ್ರೇಕ್ ಯಾರು ನೋಡುತ್ತಾರೆ ಅನ್ನುವುದರ ಮೇಲೆ ಟೈಮು ನಿಂತಿದೆ. ಈ ಕೆಲಸವೆಲ್ಲ ಬೆಂಗಳೂರು, ಮೈಸೂರಿನಲ್ಲಿ ನಡೆದರೆ ರೈಲಿನ ದಿನವೂ ಅಲ್ಲಿಂದಲೇ ಲೆಕ್ಕ ಆಗುತ್ತದೆ.

ಜನಶತಾಬ್ದಿಯನ್ನೇ ತಗೊಳ್ಳಿ. 2019ರಲ್ಲಿ ಬಂತು. ನಮ್ಮೂರಿನವರಿಗೆ ದೊಡ್ಡ ಅನುಕೂಲವೇ, ಸುಳ್ಳು ಹೇಳಬಾರದು. ಬೆಳಗ್ಗೆ ಐದರ ಆಸುಪಾಸಿಗೆ ಹೊರಟು ಆಫೀಸ್ ಹೊತ್ತಿಗೆ ಬೆಂಗಳೂರು ಮುಟ್ಟಿಸಿ, ಸಂಜೆ ಹೊರಟು ರಾತ್ರಿ ಊಟದ ಹೊತ್ತಿಗೆ ವಾಪಸ್ ತರುತ್ತದೆ. ಒಂದೇ ರೇಕ್, ಅಂದರೆ ಡಬ್ಬಿಗಳ ಒಂದೇ ಸಾಲು, ಒಂದೇ ದಿನದಲ್ಲಿ ಹೋಗಿ ಬರುತ್ತದೆ. ಆದರೆ ಅದು ಭದ್ರಾವತಿ ದಾಟುವಾಗ ಅಲ್ಲಿನ್ನೂ ಕತ್ತಲು.

ನಡುವೆ ಗೇಜಿನ ಕಥೆ ಬೇರೆ. 1990ರ ದಶಕದ ನಡುವಿನಲ್ಲಿ ಬೀರೂರಿನಿಂದ ಶಿವಮೊಗ್ಗದವರೆಗೆ ಹಳಿ ಅಗಲವಾಗಿ ಬ್ರಾಡ್ ಗೇಜ್ ಆಯಿತು. ತಾಳಗುಪ್ಪದ ಕಡೆಯ ಸುಮಾರು 97 ಕಿಲೋಮೀಟರ್ ಮೀಟರ್ ಗೇಜಿನಲ್ಲೇ ಉಳಿಯಿತು, ದಾರ ಕಿತ್ತ ಗಾಳಿಪಟದ ಹಾಗೆ. ಆಗ ಅದರ ಮೇಲೆ ಓಡಿದ್ದು ರೈಲ್ ಬಸ್. ನೋಡದವರಿಗೆ ಹೇಳುವುದು ಕಷ್ಟ. ಬಸ್ಸಿನ ಡಬ್ಬಿಯೊಂದನ್ನು ಎತ್ತಿ ಹಳಿ ಮೇಲೆ ಕೂರಿಸಿದ ಹಾಗಿತ್ತು. ಅರಸಾಳಿನ ಕಾಡಿನಲ್ಲಿ ಕಿಟಕಿಯಿಂದ ಕೈ ಹೊರಗೆ ಹಾಕಿದರೆ ಒದ್ದೆ ಎಲೆ ಸಿಗುತ್ತಿತ್ತು, ಹಾಕಬೇಡ ಅಂತ ಬೈಗುಳವೂ ಸಿಗುತ್ತಿತ್ತು. ಡ್ರೈವರ್ ಹಿಂದಿನ ಸೀಟಿಗೆ ಮಕ್ಕಳ ಜಗಳ. ಮುಂದೆ ಬರೀ ಎರಡು ಗೆರೆ ಹಳಿ ಮತ್ತು ಮಳೆ.

ಆಮೇಲೆ ಅದೂ ನಿಂತಿತು. ಗೇಜ್ ಬದಲಾವಣೆಗೆ ಲೈನ್ ಮುಚ್ಚಿದರು. ಬ್ರಾಡ್ ಗೇಜ್ ರೈಲು ಹಂತ ಹಂತವಾಗಿ ಬಂದು ತಾಳಗುಪ್ಪ ಮುಟ್ಟಿದ್ದು 2011ರಲ್ಲಿ. ರೈಲು ಇಲ್ಲದ ಆ ಕೆಲವು ವರ್ಷ ಸಾಗರ, ಆನಂದಪುರದ ಜನ ಏನು ಮಾಡಿದರು? ಬಸ್ ಹತ್ತಿದರು. ನಮ್ಮಲ್ಲಿ ಖಾಸಗಿ ಬಸ್ಸಿನವರು ಮೊದಲಿಂದಲೂ ಜೋರು. ಕೈ ತೋರಿಸಿದಲ್ಲಿ ನಿಲ್ಲುತ್ತಾರೆ, ಅಡಿಕೆ ಚೀಲ ಮೇಲೆ ಹಾಕುತ್ತಾರೆ. ಕಾಲೇಜಿನ ಮೊದಲ ಪಿರಿಯಡ್, ಅಂಗಡಿ ಬಾಗಿಲು ತೆಗೆಯುವ ಹೊತ್ತು, ಎಲ್ಲ ಬಸ್ಸಿನ ಟೈಮಿಗೆ ಹೊಂದಿಕೊಂಡಿತು. ರೈಲು ವಾಪಸ್ ಬಂದಾಗ ಅದಕ್ಕೆ ಕಾಯುವವರು ಕಡಿಮೆಯಾಗಿದ್ದರು. 2023ರಿಂದ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ಟೇ ಇಲ್ಲ, ಹಾಗಾಗಿ ಅಗ್ಗದ ಮಾತೂ ಅರ್ಧ ಹೋಯಿತು. ಅದಕ್ಕೆ ಮುಂಚೆ ಕೋವಿಡ್ ಮುಗಿದ ಮೇಲೆ ಪ್ಯಾಸೆಂಜರ್ ರೈಲಿಗೆ ಎಕ್ಸ್‌ಪ್ರೆಸ್ ದರ ಹಾಕಿ, 10 ರೂಪಾಯಿ ಇದ್ದ ಕನಿಷ್ಠ ಟಿಕೆಟ್ಟನ್ನು 30 ಮಾಡಿದ್ದರು. 2024ರಲ್ಲಿ ಮತ್ತೆ 10ಕ್ಕೆ ಇಳಿಸಿದರು. ಅಷ್ಟರಲ್ಲಿ ಬಿಟ್ಟು ಹೋದವರು ಹೋಗಿದ್ದರು.

ಹಾಗಾದರೆ ಬೆಳಗ್ಗೆ ಎಂಟಕ್ಕೆ ಒಂದು ಲೋಕಲ್ ಬಿಟ್ಟರಾಯಿತು, ಅಲ್ವಾ? ಸುಮ್ನೆ ಬಿಡಲು ಆಗಲ್ಲ. ಇರುವುದು ಒಂದೇ ಹಳಿ. ಎದುರು ಬದುರು ಬರುವ ರೈಲುಗಳು ಲೂಪ್ ಲೈನ್, ಅಂದರೆ ಪಕ್ಕಕ್ಕೆ ಸರಿದು ನಿಲ್ಲುವ ಹಳಿ, ಇರುವ ಸ್ಟೇಷನ್ನಿನಲ್ಲಿ ಮಾತ್ರ ಒಂದನ್ನೊಂದು ದಾಟಬೇಕು. ಆ ಹಳಿ ಇಲ್ಲದ ಚಿಕ್ಕ ಹಾಲ್ಟ್‌ಗಳಲ್ಲಿ ಅದು ಸಾಧ್ಯವಿಲ್ಲ. ಈ ಲೈನಿನಲ್ಲಿ ಓಡಾಡಿದವರಿಗೆ ಆ ಗಳಿಗೆ ಗೊತ್ತು. ರೈಲು ಸುಮ್ಮನೆ ನಿಂತುಬಿಡುತ್ತದೆ. ಫ್ಯಾನಿನ ಸದ್ದು ಮಾತ್ರ ಕೇಳುತ್ತದೆ. ಕಡಲೆಕಾಯಿ ಮಾರುವವನು ಎರಡನೇ ಸುತ್ತು ಹೊಡೆಯುತ್ತಾನೆ. ಯಾರೋ ಬಗ್ಗಿ ನೋಡಿ "ಕ್ರಾಸಿಂಗ್ ಇರ್ಬೇಕು" ಅನ್ನುತ್ತಾರೆ. ಹತ್ತು ನಿಮಿಷಕ್ಕೆ ಪಕ್ಕದ ಹಳಿಯಲ್ಲಿ ಧಡಧಡ ಅಂತ ಇನ್ನೊಂದು ಹೋಗುತ್ತದೆ. ಆಮೇಲೆ ನಮ್ಮದು ಹೊರಡುತ್ತದೆ. ನಿಲ್ಲುವುದು ಯಾವಾಗಲೂ ಪ್ಯಾಸೆಂಜರ್ರೇ. ದೂರದ ರೈಲು ತಡವಾಗಿದ್ದರೂ ದಾರಿ ಮೊದಲು ಅದಕ್ಕೆ.

ಇನ್ನು ಬೀರೂರು. ಅಲ್ಲಿ ನಮ್ಮ ಕವಲು ಬೆಂಗಳೂರು–ಹುಬ್ಬಳ್ಳಿ ಮುಖ್ಯ ಲೈನಿಗೆ ಸೇರುತ್ತದೆ. ಅಲ್ಲಿನ ರೈಲುಗಳ ನಡುವೆ ಸಿಗುವ ಸಂದಿಗೆ ನಮ್ಮ ರೈಲು ಸರಿಯಾಗಿ ಹೋಗಿ ಕೂರಬೇಕು. ಶಿವಮೊಗ್ಗದಿಂದ ಹೊರಡುವ ಟೈಮು ನಿಗದಿಯಾಗುವುದು ಈ ಸಂದಿಯಿಂದ ಹಿಂದಕ್ಕೆ ಎಣಿಸಿ. ಸಂದಿ ತಪ್ಪಿದರೆ ಗೋತಾ ಅಂತ ಪಟ್ಟಿಯಲ್ಲಿ ಬಿಡುವನ್ನೂ ಸೇರಿಸಿರುತ್ತಾರೆ. ಒಂದೇ ರೈಲಿನ ಹೋಗುವ, ಬರುವ ಟೈಮ್ ಪಕ್ಕಪಕ್ಕ ಇಟ್ಟು ನೋಡಿ. ಕೊನೇ ಸ್ಟೇಷನ್ನಿಗೆ ಮುಟ್ಟುವ ತುಂಡಿಗೆ ಒಂದು ಕಡೆ ಹತ್ತು ನಿಮಿಷ, ಇನ್ನೊಂದು ಕಡೆ ಅರ್ಧ ಗಂಟೆ ಇರುವುದು ಭಾರತದ ಯಾವ ಲೈನಿನಲ್ಲೂ ಹೊಸದಲ್ಲ. ದಾರಿ ಉದ್ದ ಆದದ್ದಲ್ಲ ಅದು, ತಡವಾದರೂ "ಸರಿಯಾದ ಟೈಮಿಗೆ ಬಂತು" ಅನ್ನಿಸಲಿಕ್ಕೆ.

ಬೀಗದ ಕೈ ಇರುವುದು ರೇಕ್ ಮಲಗುವ ಜಾಗದಲ್ಲಿ ಅಂತ ನನಗೆ ಅನ್ನಿಸುತ್ತದೆ. ಶಿವಮೊಗ್ಗ ಪಕ್ಕದ ಕೋಟೆಗಂಗೂರಿನಲ್ಲಿ ಕೋಚಿಂಗ್ ಡಿಪೋ, ಅಂದರೆ ರೈಲು ಡಬ್ಬಿ ತೊಳೆದು ರಿಪೇರಿ ಮಾಡುವ ಜಾಗ, ಮಾಡಲು 2023ರ ಫೆಬ್ರವರಿ 27ರಂದು ಅಡಿಗಲ್ಲು ಹಾಕಿದರು. ವಿಮಾನ ನಿಲ್ದಾಣ ಉದ್ಘಾಟನೆಯ ದಿನವೇ, ಹಾಗಾಗಿ ಡಿಪೋ ಸುದ್ದಿ ಯಾರ ಕಿವಿಗೂ ಬೀಳಲಿಲ್ಲ. ಅದೇ ದಿನ ಶಿಕಾರಿಪುರದ ಮೇಲೆ ರಾಣೆಬೆನ್ನೂರಿಗೆ ಹೊಸ ಲೈನಿಗೂ ಅಡಿಗಲ್ಲು ಬಿತ್ತು, 990 ಕೋಟಿಯದ್ದು. ಅದು ಮುಗಿದರೆ ಶಿವಮೊಗ್ಗಕ್ಕೆ ಇನ್ನೊಂದು ಬಾಗಿಲು ತೆರೆಯುತ್ತದೆ. ಡಿಪೋಗೆ 100 ಕೋಟಿಗೂ ಜಾಸ್ತಿ. ರೈಲು ಇಲ್ಲೇ ತೊಳೆದು ಇಲ್ಲೇ ರಿಪೇರಿಯಾದರೆ ಬೆಳಗ್ಗೆ ಇಲ್ಲಿಂದಲೇ ಹೊರಡಬಹುದು.

ಈಗ ಲೈನಿನ ಮೇಲೆ ವಿದ್ಯುತ್ ತಂತಿಯೂ ಇದೆ, ಬೇರೆ ಎಂಜಿನ್ ಬೇಡದ ಕರೆಂಟಿನ ಲೋಕಲ್ ರೈಲು, ಮೆಮು, ಓಡಬಹುದು. ಅದಕ್ಕೆ ಎರಡೂ ತುದಿಯಲ್ಲಿ ಡ್ರೈವರ್ ಕೂರುವ ಜಾಗ ಇರುವುದರಿಂದ ಎಂಜಿನ್ ಬಿಚ್ಚಿ ಇನ್ನೊಂದು ಕಡೆ ಕಟ್ಟುವ ಕೆಲಸ ಇಲ್ಲ. ಡ್ರೈವರ್ ಇಳಿದು ಪ್ಲಾಟ್‌ಫಾರಂ ಉದ್ದ ನಡೆದು ಆ ಕಡೆ ಹತ್ತಿದರೆ ಮುಗಿಯಿತು. ಏಳೂಮುಕ್ಕಾಲಿಗೆ ಭದ್ರಾವತಿಯಿಂದ ಹೊರಟು ಶಿವಮೊಗ್ಗದಲ್ಲಿ ಕಾಲೇಜಿನವರನ್ನು ಇಳಿಸಿ, ಅದೇ ರೇಕ್ ಸಾಗರದ ಕಡೆ ಹೋಗಲಿ. ಸಂಜೆ ಐದೂವರೆಗೆ ಶಿವಮೊಗ್ಗದಿಂದ ಭದ್ರಾವತಿಗೆ ವಾಪಸ್ ಹೊರಡಲಿ. ಐದೂವರೆ ಅಂದರೆ ಐದೂವರೆಗೇ ಹೊರಡಬೇಕು, ಆಮೇಲೆ ಬಸ್ ಸ್ಟ್ಯಾಂಡಿನಲ್ಲಿ ಕೂತ ನಮ್ಮವರು ಯೋಚನೆ ಮಾಡುತ್ತಾರೆ.