ಮೈಲ್ಡ್ ಏಲ್ ಇಷ್ಟೊಂದು ಸಪ್ಪೆ ಯಾಕೆ?

ಓದುಗರ ಪ್ರಶ್ನೆ: ಒಂದು ಸಣ್ಣ ಕ್ರಾಫ್ಟ್ ಬ್ರೂವರಿಯವರ ಇಂಗ್ಲಿಷ್ ಶೈಲಿಯ ಮೈಲ್ಡ್ ಏಲ್ ಕ್ಯಾನ್ ತಂದು ಕುಡಿದೆ. ಆಲ್ಕೋಹಾಲ್ ಶೇ. 3.2 ಅಂತ ಬರೆದಿತ್ತು. ನೋಡೋಕೆ ಸ್ಟೌಟ್ ಹಾಗೆ ಕಪ್ಪು. ಬಾಯಿಗೆ ಹಾಕಿದರೆ ನೀರು ನೀರು. ಬ್ರೂವರಿಯವರು ಕೆಡಿಸಿದ್ದಾರಾ, ಇಲ್ಲಾ ಮೈಲ್ಡ್ ಅಂದರೆ ಹೀಗೇನಾ?

ಉತ್ತರ: ಎಷ್ಟು ತಣ್ಣಗೆ ಕುಡಿದಿರಿ ಅಂತ ನೀವು ಬರೆದಿಲ್ಲ. ಫ್ರಿಜ್‌ನಿಂದ ತೆಗೆದವರೇ ಸುರಿದುಕೊಂಡಿರುತ್ತೀರಿ ಅನ್ನುವುದು ನನ್ನ ಊಹೆ. ಹಾಗಿದ್ದರೆ ಬ್ರೂವರಿಯನ್ನು ಬೈಯುವುದಕ್ಕೆ ಸ್ವಲ್ಪ ತಡೆಯಿರಿ. ಮೈಲ್ಡ್ ಹಗುರವಾದ ಬಿಯರ್ ಹೌದು, ಆದರೆ ಸಪ್ಪೆ ಇರಬೇಕಾಗಿಲ್ಲ. ಈ ಎರಡರ ನಡುವಿನ ವ್ಯತ್ಯಾಸ ಗೊತ್ತಾಗಬೇಕಾದರೆ ಅದನ್ನು ಅದರ ರೀತಿಯಲ್ಲೇ ಕುಡಿಯಬೇಕು.

ಫ್ರಿಜ್‌ನೊಳಗೆ ಸುಮಾರು 4 ಡಿಗ್ರಿ ಇರುತ್ತದೆ. ಇಂಗ್ಲೆಂಡಿನ ಪಬ್‌ಗಳಲ್ಲಿ ಕ್ಯಾಸ್ಕ್ ಏಲ್, ಅಂದರೆ ಪೀಪಾಯಿಯ ಬಿಯರ್, ಕೊಡುವುದು 11ರಿಂದ 13 ಡಿಗ್ರಿಯಲ್ಲಿ. ಈ ಅಂತರ ಮೈಲ್ಡ್‌ಗೆ ತುಂಬಾ ದೊಡ್ಡದು. ತೀರಾ ತಣ್ಣಗಿದ್ದಾಗ ವಾಸನೆ ಮೇಲೆ ಏಳುವುದಿಲ್ಲ, ನಾಲಿಗೆಗೆ ಸಿಹಿಯೂ ಸರಿಯಾಗಿ ತಿಳಿಯುವುದಿಲ್ಲ. ಉಳಿಯುವುದು ಬರೀ ಗ್ಯಾಸಿನ ಚುರುಚುರು. ಐಪಿಎ (ಇಂಡಿಯಾ ಪೇಲ್ ಏಲ್) ತರಹದ ಕಹಿ ಬಿಯರ್ ಇದನ್ನು ತಡೆದುಕೊಳ್ಳುತ್ತದೆ, ಅದರಲ್ಲಿ ಕಹಿ, ಪರಿಮಳ ಕೊಡುವ ಹಾಪ್ಸ್ ಹೂವು ಅಷ್ಟು ಜೋರಾಗಿರುತ್ತದೆ. ಮೈಲ್ಡ್‌ನಲ್ಲಿ ಇರುವುದೇ ಮಾಲ್ಟ್ (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) ಮತ್ತು ಯೀಸ್ಟ್ ಕೊಡುವ ರುಚಿ. ಅವೆರಡನ್ನೂ ಚಳಿಗೆ ಮಲಗಿಸಿಬಿಟ್ಟರೆ ನೀರಲ್ಲದೆ ಇನ್ನೇನು ಸಿಗುತ್ತದೆ?

ಕ್ಯಾನನ್ನು ಹೊರಗಿಟ್ಟು ಅರ್ಧ ಗಂಟೆ ಬಿಡಿ. ಕೈಗೆ ತಂಪು ಅನಿಸಬೇಕು, ಕೊರೆಯಬಾರದು.

ಎರಡನೆಯ ವಿಷಯ ಗ್ಯಾಸ್. ಪಬ್‌ನ ನೆಲಮಾಳಿಗೆಯಲ್ಲಿ ಕ್ಯಾಸ್ಕ್‌ನೊಳಗೇ ಕೊನೆಯ ಹಂತ ಹುದುಗುವ ಏಲ್‌ನಲ್ಲಿ ಸಾಮಾನ್ಯ ಕ್ಯಾನ್ ಬಿಯರಿನ ಹೆಚ್ಚುಕಡಿಮೆ ಅರ್ಧದಷ್ಟೇ ಗ್ಯಾಸ್ ಇರುತ್ತದೆ. ಈ ಶೈಲಿ ಬೆಳೆದದ್ದೇ ಹಾಗೆ. ಗ್ಯಾಸ್ ಜಾಸ್ತಿಯಾದರೆ ಬಾಯಲ್ಲಿ ಹುಳಿಯ ಮೊನಚು ಬರುತ್ತದೆ, ತೆಳ್ಳಗಿರುವ ಬಿಯರ್ ಇನ್ನೂ ತೆಳ್ಳಗೆ ಕಾಣುತ್ತದೆ. ಹಾಗಾಗಿ ಅಗಲ ಬಾಯಿಯ ಗ್ಲಾಸಿಗೆ ಸ್ವಲ್ಪ ಎತ್ತರದಿಂದ, ನೊರೆ ಏಳುವ ಹಾಗೆ ಧೈರ್ಯವಾಗಿ ಸುರಿಯಿರಿ. ನೊರೆ ಇಳಿದ ಮೇಲೆ ಕುಡಿಯಿರಿ. ಉತ್ತರ ಇಂಗ್ಲೆಂಡಿನಲ್ಲಿ ಇದೇ ಕೆಲಸಕ್ಕೆ ಪಂಪಿನ ಮೂತಿಗೆ ಸ್ಪಾರ್ಕ್ಲರ್ ಅನ್ನುವ ಸಣ್ಣ ತೂತುಗಳ ಬಿರಡೆ ಹಾಕುತ್ತಾರೆ. ಗ್ಯಾಸ್ ಹೊರಗೆ ಹೋಗಿ ಮೇಲೆ ಕೆನೆಯಂಥ ನೊರೆ ನಿಲ್ಲುತ್ತದೆ. ದಕ್ಷಿಣದವರಿಗೆ ಇದನ್ನು ಕಂಡರೆ ಆಗುವುದಿಲ್ಲ. ಆ ಜಗಳ ಸದ್ಯಕ್ಕೆ ಮುಗಿಯುವ ಲಕ್ಷಣ ಇಲ್ಲ.

ಈಗ ಗ್ಲಾಸನ್ನು ಬೆಳಕಿಗೆ ಹಿಡಿಯಿರಿ. ಕಪ್ಪು ಅಂದುಕೊಂಡಿದ್ದು ಬಹಳ ಸಲ ಕೆಂಪು ಬೆರೆತ ಕಂದು ಆಗಿರುತ್ತದೆ. ನಿಮ್ಮ ನಿರಾಸೆಗೆ ಅರ್ಧ ಕಾರಣ ಈ ಬಣ್ಣವೇ. ಕಪ್ಪು ಬಿಯರ್ ಅಂದರೆ ಗಟ್ಟಿ, ಖಡಕ್ ಅಂತ ಕಣ್ಣು ಮೊದಲೇ ತೀರ್ಮಾನ ಮಾಡಿಬಿಟ್ಟಿರುತ್ತದೆ. ಹಾಲು ಹಾಕದ ಟೀಯೂ ಕಪ್ಪಗೇ ಇರುತ್ತದೆ, ಅದು ದಪ್ಪಗಿದೆ ಅಂತ ಯಾರೂ ಹೇಳುವುದಿಲ್ಲ ಅಲ್ವಾ? ಒಂದು ಹಿಡಿ ಕಪ್ಪಗೆ ಹುರಿದ ಮಾಲ್ಟ್ ಸಾಕು ಇಡೀ ಬಿಯರಿಗೆ ಬಣ್ಣ ಬರಲು. ಕೆಲವರು ಕ್ಯಾರಮೆಲ್ ಬಣ್ಣವನ್ನೇ ಹಾಕುವುದುಂಟು. ಅಷ್ಟೇ ಅಲ್ಲ, ತಿಳಿ ಬಣ್ಣದ ಮೈಲ್ಡ್‌ಗಳೂ ಇವೆ. ಯಾರ್ಕ್‌ಶೈರ್‌ನ ಟಿಮೊತಿ ಟೇಲರ್ ಬ್ರೂವರಿಯ ಗೋಲ್ಡನ್ ಬೆಸ್ಟ್ ಅಂಥದ್ದು.

ವಾಸನೆ ನೋಡುವಾಗ ಹುಡುಕಬೇಕಾದ್ದು ಬ್ರೆಡ್ಡಿನ ಅಂಚು, ಬಿಸ್ಕತ್ತು, ಟಾಫಿ, ಒಣದ್ರಾಕ್ಷಿ. ಒಮ್ಮೊಮ್ಮೆ ಸಣ್ಣಗೆ ಚಾಕೊಲೇಟ್. ಹಣ್ಣಿನ ವಾಸನೆ ಬಂದರೆ ಅದು ಇಂಗ್ಲಿಷ್ ಯೀಸ್ಟ್‌ನ ಕೊಡುಗೆ. ಹಾಪ್ಸ್ ಮೂಗಿಗೆ ಬಡಿಯಬಾರದು. ಕಹಿಯನ್ನು ಐಬಿಯು ಅನ್ನುವ ಅಳತೆಯಲ್ಲಿ ಹೇಳುತ್ತಾರೆ. ಕಪ್ಪು ಮೈಲ್ಡ್‌ನಲ್ಲಿ ಅದು 10ರಿಂದ 25ರ ಆಸುಪಾಸು, ಅಮೆರಿಕನ್ ಐಪಿಎಯಲ್ಲಿ 40ರಿಂದ 70. ಇಲ್ಲಿ ಕಹಿ ಇರುವುದು ಮಾಲ್ಟ್‌ನ ಸಿಹಿ ಅತಿಯಾಗದಂತೆ ತಡೆಯಲು ಮಾತ್ರ.

ಕುಡಿಯುವಾಗ ವೈನ್ ಪರೀಕ್ಷೆ ಮಾಡುವವರ ಹಾಗೆ ತುಟಿ ಒದ್ದೆ ಮಾಡಿಕೊಂಡು ಬಿಡಬೇಡಿ. ಇದು ದೊಡ್ಡ ಗುಟುಕಿನ ಬಿಯರ್. ಬಾಯಿ ತುಂಬ ತಗೊಂಡು ನುಂಗಿ. ನುಂಗಿದ ಮೇಲೆ ಸುಮ್ನೆ ಮೂಗಿನಿಂದ ಉಸಿರು ಬಿಡಿ. ನಾಲಿಗೆಯ ಮೇಲೆ ಮಾಲ್ಟ್‌ನ ರುಚಿ ಒಂದೆರಡು ಕ್ಷಣ ನಿಂತರೆ ಅದು ಹಗುರವಾದ, ಆದರೆ ಚೆನ್ನಾಗಿ ಮಾಡಿದ ಮೈಲ್ಡ್. ನುಂಗಿದ್ದೇ ತಡ ಏನೂ ಇಲ್ಲ ಅಂದರೆ ಅದು ಸಪ್ಪೆ. ಮೊದಲ ಗುಟುಕಿಗೇ ಅಂಕ ಕೊಡುವ ಅಭ್ಯಾಸದಿಂದ ಈ ಬಿಯರಿಗೆ ಯಾವಾಗಲೂ ಅನ್ಯಾಯವಾಗುತ್ತದೆ. ದೊಡ್ಡ ಬಿಯರುಗಳು ಮೊದಲ ಗುಟುಕಿನಲ್ಲೇ ಎಲ್ಲ ಹೇಳಿಬಿಡುತ್ತವೆ, ಅರ್ಧ ಗ್ಲಾಸಿಗೆ ಸಾಕಾಗುತ್ತವೆ. ಒಳ್ಳೆಯ ಮೈಲ್ಡ್ ಗ್ಲಾಸಿನ ಕೆಳಗಿನ ಅರ್ಧದಲ್ಲಿ ಚೆನ್ನಾಗಾಗುತ್ತದೆ. ಅಷ್ಟು ಹೊತ್ತಿಗೆ ಅದು ಇನ್ನಷ್ಟು ಬೆಚ್ಚಗಾಗಿ, ಗ್ಯಾಸ್ ಇಳಿದಿರುತ್ತದೆ.

ಆಲ್ಕೋಹಾಲ್ ಕಮ್ಮಿಯಾದರೆ ರುಚಿ ಯಾಕೆ ಕಷ್ಟ ಅಂತಲೂ ಹೇಳಿಬಿಡುತ್ತೇನೆ. ಆಲ್ಕೋಹಾಲ್ ಬರೀ ಅಮಲಿಗಲ್ಲ. ಅದಕ್ಕೊಂದು ಸಣ್ಣ ಸಿಹಿ ಇದೆ, ಬಿಸಿ ಇದೆ, ಬಾಯಿ ತುಂಬಿಸುವ ಗುಣ ಇದೆ. ಅದು ಇಲ್ಲದಿರುವಾಗ ಜಾಗ ತುಂಬಲು ಬೇರೆ ದಾರಿ ಬೇಕು. ಬ್ರೂವರ್‌ಗಳು ಮಾಡುವುದು ಮುಖ್ಯವಾಗಿ ಒಂದು ಕೆಲಸ. ಮಾಲ್ಟನ್ನು ಬಿಸಿನೀರಲ್ಲಿ ನೆನೆಸುವಾಗ ಶಾಖವನ್ನು ಸ್ವಲ್ಪ ಜಾಸ್ತಿ, 68 ಡಿಗ್ರಿಯ ಸುತ್ತಮುತ್ತ ಇಡುತ್ತಾರೆ. ಯೀಸ್ಟ್ ತಿನ್ನಬಲ್ಲ ಸಕ್ಕರೆ ತಯಾರಿಸುವ ಕಿಣ್ವ ಆ ಬಿಸಿಗೆ ಬೇಗ ಸೋಲುತ್ತದೆ. ಆಗ ಯೀಸ್ಟ್‌ಗೆ ದಕ್ಕದ, ಸಕ್ಕರೆಯ ಉದ್ದ ಸರಪಳಿಗಳಾದ ಡೆಕ್ಸ್ಟ್ರಿನ್‌ಗಳು ಬಿಯರಿನಲ್ಲೇ ಉಳಿದುಕೊಂಡು ಅದಕ್ಕೊಂದು ಮೈ ಕೊಡುತ್ತವೆ. ಜತೆಗೆ ಟಾಫಿ ರುಚಿಯ ಕ್ರಿಸ್ಟಲ್ ಮಾಲ್ಟ್, ಎಲ್ಲ ಸಕ್ಕರೆಯನ್ನೂ ತಿಂದು ಮುಗಿಸದ ಇಂಗ್ಲಿಷ್ ಯೀಸ್ಟ್. ಇದರಲ್ಲಿ ಎಲ್ಲಿ ತಪ್ಪಿದರೂ ಮುಚ್ಚಿಡಲು ಹಾಪ್ಸ್ ಇಲ್ಲ, ಆಲ್ಕೋಹಾಲೂ ಇಲ್ಲ. ಶೇ. 3.2ರ ಒಳ್ಳೆಯ ಮೈಲ್ಡ್ ಮಾಡುವುದು ಶೇ. 8ರ ಐಪಿಎ ಮಾಡುವುದಕ್ಕಿಂತ ಕಷ್ಟ ಅನ್ನುವುದು ನನ್ನ ಖಚಿತ ಅಭಿಪ್ರಾಯ.

ಮೈಲ್ಡ್ ಮೊದಲಿನಿಂದಲೂ ಇಷ್ಟು ಹಗುರ ಇರಲಿಲ್ಲ. 19ನೇ ಶತಮಾನದಲ್ಲಿ ಶೇ. 6ರ ಮೈಲ್ಡ್ ಏನೂ ವಿಶೇಷವಲ್ಲ. ಪೀಪಾಯಿಯಲ್ಲಿ ತಿಂಗಳುಗಟ್ಟಲೆ ಹಳೆಯದಾಗಿಸದೆ ಹೊಸದಾಗಿಯೇ ಮಾರುತ್ತಿದ್ದ ಬಿಯರ್ ಅದು. ಮೊದಲನೇ ಮಹಾಯುದ್ಧ ಎಲ್ಲವನ್ನೂ ಬದಲಿಸಿತು. ಧಾನ್ಯದ ಕೊರತೆ, ಏರಿದ ತೆರಿಗೆ, ಬಿಯರಿನ ಬಲದ ಮೇಲೆ ಸರ್ಕಾರದ ಮಿತಿ ಎಲ್ಲ ಸೇರಿ 1918ರ ಹೊತ್ತಿಗೆ ಅದು ತೆಳ್ಳಗಾಯಿತು. ಯುದ್ಧ ಮುಗಿದ ಮೇಲೂ ಹಳೆಯ ಬಲ ಮರಳಲಿಲ್ಲ. ಗಣಿ, ಕಾರ್ಖಾನೆಗಳಿಂದ ಬೆವರಿ ಬಂದವರಿಗೆ ಪಿಂಟ್‌ಗಟ್ಟಲೆ ಕುಡಿಯಲು ಅದೇ ಅನುಕೂಲವಾಗಿತ್ತು. ಎರಡನೇ ಮಹಾಯುದ್ಧದ ನಂತರವೂ ಕೆಲವು ಕಾಲ ಇಂಗ್ಲೆಂಡಿನಲ್ಲಿ ಜಾಸ್ತಿ ಖರ್ಚಾಗುತ್ತಿದ್ದ ಡ್ರಾಫ್ಟ್ ಬಿಯರ್ ಮೈಲ್ಡ್. ಆಮೇಲೆ ಹಾಪ್ಸ್ ಜಾಸ್ತಿಯಿರುವ ಬಿಟರ್ ಬಂತು, ತಣ್ಣಗೆ ಕುಡಿಯುವ ತಿಳಿ ಬಣ್ಣದ ಲಾಗರ್ ಬಂತು, ಮೈಲ್ಡ್ ಅಜ್ಜಂದಿರ ಪಾನೀಯ ಅನಿಸಿಕೊಂಡಿತು. ಬರ್ಮಿಂಗ್‌ಹ್ಯಾಮ್ ಪಕ್ಕದ ಬ್ಲ್ಯಾಕ್ ಕಂಟ್ರಿಯಂಥ ಕೆಲವು ಕಡೆ ಮಾತ್ರ ಬೇಥಮ್ಸ್, ಹೋಲ್ಡನ್ಸ್ ಮುಂತಾದ ಮನೆತನದ ಬ್ರೂವರಿಗಳು ಬಿಡದೆ ಮಾಡುತ್ತಾ ಬಂದವು.

ಹಳೆಯ ಬಲದ ಮೈಲ್ಡ್ ಹೇಗಿತ್ತು ಅಂತ ಕುತೂಹಲ ಇದ್ದರೆ ಅದೇ ಸೀಮೆಯ ಸೆಡ್ಜ್‌ಲಿಯ ಬೀಕನ್ ಹೋಟೆಲಿನ ಹಿಂದೆ ತಯಾರಾಗುವ ಸಾರಾ ಹ್ಯೂಸ್ ಡಾರ್ಕ್ ರೂಬಿ ನೋಡಬಹುದು. ಅದರಲ್ಲಿ ಶೇ. 6 ಆಲ್ಕೋಹಾಲ್. ಆದರೆ ಹಗುರವಾದವೂ ಬಡವಾಗಿಲ್ಲ. ಬ್ರಿಟನ್ನಿನ ಬಿಯರ್ ಪ್ರಿಯರ ಸಂಘ ಕ್ಯಾಮ್ರಾ ಕೊಡುವ ಚಾಂಪಿಯನ್ ಬಿಯರ್ ಆಫ್ ಬ್ರಿಟನ್ ಪ್ರಶಸ್ತಿ 2000ರಲ್ಲಿ ಮೂರ್‌ಹೌಸಸ್‌ನ ಬ್ಲ್ಯಾಕ್ ಕ್ಯಾಟ್‌ಗೆ, 2007ರಲ್ಲಿ ಹಾಬ್ಸನ್ಸ್ ಮೈಲ್ಡ್‌ಗೆ ಬಂತು. ಹಾಬ್ಸನ್ಸ್‌ನದ್ದು ಶೇ. 3.2, ನೀವು ಕುಡಿದದ್ದರಷ್ಟೇ. ಇತ್ತೀಚೆಗೆ ಇನ್ನೊಂದು ಕಾರಣಕ್ಕೂ ಇಂಥ ಬಿಯರಿಗೆ ಜೀವ ಬಂದಿದೆ. 2023ರ ಆಗಸ್ಟ್‌ನಿಂದ ಬ್ರಿಟನ್ನಿನಲ್ಲಿ ಶೇ. 3.5ಕ್ಕಿಂತ ಕಮ್ಮಿ ಇರುವ ಬಿಯರಿಗೆ ಸುಂಕದ ದರ ಬಹಳ ಇಳಿದಿದೆ.

ಆದರೆ ಕ್ರಾಫ್ಟ್ ಬ್ರೂವರಿಗಳ ಮೈಲ್ಡ್ ಬಗ್ಗೆ ನನಗೊಂದು ತಕರಾರು ಇದೆ. ಸಪ್ಪೆ ಅನ್ನಿಸಿಕೊಳ್ಳುವ ಹೆದರಿಕೆಗೆ ಕೆಲವರು ಚಾಕೊಲೇಟ್ ಬಣ್ಣ ಬರುವಷ್ಟು ಹುರಿದ ‘ಚಾಕೊಲೇಟ್ ಮಾಲ್ಟ್’ ಸುರಿದುಬಿಡುತ್ತಾರೆ. ಆಗ ಸುಟ್ಟ ಕಾಫಿಯ ಒಗರು ಮೇಲೆ ಬಂದು, ಕೆಳಗೆ ಏನೂ ಇರುವುದಿಲ್ಲ. ಅದನ್ನು ನೀರು ಬೆರೆಸಿದ ಪೋರ್ಟರ್ (ಹುರಿದ ಮಾಲ್ಟಿನ ಕಪ್ಪು ಬಿಯರ್) ಅನ್ನಬಹುದು. ನೀವು ಕುಡಿದದ್ದು ಅಂಥದ್ದೇ ಆಗಿದ್ದರೆ ನಿಮ್ಮ ದೂರು ಸರಿ.

ಇನ್ನು ನಿಜವಾಗಿ ಕೆಟ್ಟಿರುವ ಸಾಧ್ಯತೆ. ಹಾಪ್ಸ್‌ಗೂ ಆಲ್ಕೋಹಾಲ್‌ಗೂ ಬ್ಯಾಕ್ಟೀರಿಯಾವನ್ನು ದೂರ ಇಡುವ ಗುಣ ಇದೆ. ಮೈಲ್ಡ್‌ನಲ್ಲಿ ಎರಡೂ ಕಮ್ಮಿ, ಹಾಗಾಗಿ ಅದು ಬೇಗ ಕೆಡುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಹಳೆಯದಾಗಿದೆ. ವಿನಿಗರ್ ಹುಳಿ ಬಂದರೆ ಸೋಂಕು ತಗುಲಿದೆ. ಬೆಣ್ಣೆ ಹಾಕಿದ ಪಾಪ್‌ಕಾರ್ನ್ ವಾಸನೆ ಜೋರಾಗಿದ್ದರೆ ಹುದುಗುವಾಗ ಅವಸರ ಮಾಡಿರಬಹುದು, ಇಂಗ್ಲಿಷ್ ಏಲ್‌ಗಳಲ್ಲಿ ಅದು ಒಂದಿಷ್ಟು ಇದ್ದರೆ ನಡೆಯುತ್ತದೆ. ನೀವು ಇವ್ಯಾವುದನ್ನೂ ಬರೆದಿಲ್ಲ, ಬರೀ ನೀರು ನೀರು ಅಂದಿದ್ದೀರಿ. ಮುಂದಿನ ಸಲ ಕ್ಯಾನ್ ಕೊಳ್ಳುವಾಗ ತುಂಬಿದ ತಾರೀಖು ನೋಡಿ, ಆದಷ್ಟು ಹೊಸದನ್ನೇ ತನ್ನಿ. 12 ಡಿಗ್ರಿಗೆ ಬಂದ ಮೇಲೆ, ಗ್ಯಾಸ್ ಇಳಿದ ಮೇಲೆ, ಗ್ಲಾಸಿನ ತಳ ಮುಟ್ಟುವಾಗಲೂ ನೀರೇ ಅನಿಸಿದರೆ ಮಾಲ್ಟ್ ನೆನೆಸುವ ಶಾಖದ ಲೆಕ್ಕ ತಪ್ಪಿದ್ದು ಬ್ರೂವರಿಯವರದೇ. ಆಗ ಅವರಿಗೊಂದು ಪತ್ರ ಬರೆಯಿರಿ.