ಬಾಗಿಲಲ್ಲಿ ಗುರುತಿನ ಚೀಟಿ ಕೇಳಬೇಕೇ? ಮಹಿಳಾ ಗೇಮರ್‌ಗಳ ಗುಂಪು ಕಟ್ಟುವವರ ಪ್ರಶ್ನೆಗೆ ಉತ್ತರ

ಪ್ರಶ್ನೆ: ವಿಡಿಯೊ ಗೇಮ್ ಆಡುವ ಮಹಿಳೆಯರಿಗಾಗಿ ನಾವು ನಾಲ್ವರು ಗೆಳತಿಯರು ಡಿಸ್ಕಾರ್ಡ್ ಎಂಬ ಮಾತುಕತೆಯ ಆ್ಯಪ್‌ನಲ್ಲಿ ಒಂದು ಗುಂಪು ಆರಂಭಿಸುತ್ತಿದ್ದೇವೆ. ಹೆಣ್ಣಿನ ಹೆಸರಿಟ್ಟುಕೊಂಡು ಗಂಡಸರು ಒಳನುಸುಳಬಹುದು ಎಂಬ ಭಯವಿದೆ. ಸೇರುವವರಿಂದ ಗುರುತಿನ ಚೀಟಿಯ ಫೋಟೊ ಅಥವಾ ಧ್ವನಿ ಮುದ್ರಿಕೆ ಪಡೆಯುವುದು ಸರಿಯೇ? ಅದಿಲ್ಲದೆ ಗುಂಪನ್ನು ಸುರಕ್ಷಿತವಾಗಿ ಇಡುವುದು ಹೇಗೆ?

ಉತ್ತರ: ಬೇಡ, ಎರಡನ್ನೂ ಪಡೆಯಬೇಡಿ. ಇಂಥ ಗುಂಪು ಕಟ್ಟಲು ಹೊರಟವರಲ್ಲಿ ಹೆಚ್ಚಿನವರು ಮೊದಲು ಕೇಳುವ ಪ್ರಶ್ನೆ ಇದೇ, ಮತ್ತು ನಿಮ್ಮ ಭಯ ಕಾರಣವಿಲ್ಲದ್ದೇನೂ ಅಲ್ಲ. 2014ರಲ್ಲಿ ‘ಗೇಮರ್‌ಗೇಟ್’ ಹೆಸರಿನಲ್ಲಿ ನಡೆದ ಹಾವಳಿಯಲ್ಲಿ, ಆಟಗಳನ್ನು ರೂಪಿಸುವ ಮತ್ತು ವಿಮರ್ಶಿಸುವ ಮಹಿಳೆಯರ ವಿಳಾಸಗಳನ್ನು ಬಯಲಿಗಿಟ್ಟು, ಕೊಲೆ ಬೆದರಿಕೆ ಹಾಕಿ, ಕೆಲವರು ಮನೆ ಬಿಟ್ಟು ಹೋಗಬೇಕಾದ ಸ್ಥಿತಿಯನ್ನು ತಂದದ್ದು ಈಗಲೂ ಎಲ್ಲರ ನೆನಪಿನಲ್ಲಿದೆ. ಆದರೆ ಅದೇ ಘಟನೆಯನ್ನು ತುಸು ಗಮನವಿಟ್ಟು ನೋಡಿದರೆ, ದಾಳಿ ಮಾಡಿದವರು ಆಯುಧವಾಗಿ ಬಳಸಿದ್ದು ಆ ಮಹಿಳೆಯರ ವೈಯಕ್ತಿಕ ಮಾಹಿತಿಯನ್ನೇ ಎಂಬುದು ಕಾಣುತ್ತದೆ. ಈಗ ನೀವು ಒಂದೆಡೆ ಕೂಡಿಡಲು ಹೊರಟಿರುವುದೂ ಅದನ್ನೇ.

ಮಹಿಳೆಯರಿಗೆ ಮಾತ್ರ ಪ್ರವೇಶವಿದ್ದ ‘ಟೀ’ ಎಂಬ ಅಮೆರಿಕದ ಆ್ಯಪ್‌ನಲ್ಲಿ, ಸೇರುವವರು ಮಹಿಳೆಯರೇ ಎಂದು ಖಾತ್ರಿಪಡಿಸಿಕೊಳ್ಳಲು ಸೆಲ್ಫಿ ಮತ್ತು ಗುರುತಿನ ಚೀಟಿಯ ಚಿತ್ರಗಳನ್ನು ಪಡೆದಿದ್ದರು. 2025ರ ಜುಲೈನಲ್ಲಿ ಅಲ್ಲಿಂದ ಸುಮಾರು 72,000 ಚಿತ್ರಗಳು ಸೋರಿಹೋದವು. ಅವುಗಳಲ್ಲಿ ಸುಮಾರು 13,000 ಚಿತ್ರಗಳು ಪರಿಶೀಲನೆಗೆಂದೇ ನಂಬಿ ಕೊಟ್ಟವು. ಅದೇ ವರ್ಷದ ಅಕ್ಟೋಬರ್‌ನಲ್ಲಿ, ನೀವು ಗುಂಪು ಕಟ್ಟಲಿರುವ ಡಿಸ್ಕಾರ್ಡ್ ಕೂಡ, ತನ್ನ ಗ್ರಾಹಕ ಸೇವೆ ನೋಡಿಕೊಳ್ಳುತ್ತಿದ್ದ ಹೊರಗಿನ ಕಂಪನಿಯೊಂದರ ಮೂಲಕ ಸುಮಾರು 70,000 ಬಳಕೆದಾರರ ಗುರುತಿನ ಚೀಟಿಯ ಚಿತ್ರಗಳು ಬಯಲಾಗಿರಬಹುದು ಎಂದು ಒಪ್ಪಿಕೊಂಡಿತು. ಭದ್ರತೆಗೆಂದೇ ಸಿಬ್ಬಂದಿ ಇರುವ ಕಂಪನಿಗಳ ಪಾಡೇ ಹೀಗಿರುವಾಗ, ನಾಲ್ವರು ಗೆಳತಿಯರು ಪಾಸ್‌ವರ್ಡ್ ಹಂಚಿಕೊಂಡು ಬಳಸುವ ಫೋಲ್ಡರ್‌ನ ಗತಿ ಏನಾದೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಧ್ವನಿಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ‘ಹೇಲೊ 3’ ಆಟದಲ್ಲಿ ಮೊದಲೇ ಮುದ್ರಿಸಿದ ಒಂದೇ ಬಗೆಯ ಮಾತುಗಳನ್ನು ಹೆಣ್ಣಿನ ಧ್ವನಿಯಲ್ಲಿ ಮತ್ತು ಗಂಡಿನ ಧ್ವನಿಯಲ್ಲಿ ಕೇಳಿಸಿ ನೋಡಿದ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಗಂಡಿನ ಧ್ವನಿಗೆ ಬಂದ ಕಟು ಮಾತುಗಳ ಮೂರು ಪಟ್ಟು ಹೆಣ್ಣಿನ ಧ್ವನಿಗೆ ಬಂದಿದ್ದವು. ಧ್ವನಿ ಕೇಳಿಸಿದರೆ ಬೈಗುಳ ಬರುತ್ತದೆ ಎಂಬುದನ್ನು ಅನುಭವದಿಂದ ಕಲಿತು, ವರ್ಷಗಟ್ಟಲೆ ಮೈಕ್ ಮುಚ್ಚಿಕೊಂಡೇ ಆಡಿದವರು ನಿಮ್ಮ ಗುಂಪನ್ನು ಹುಡುಕಿಕೊಂಡು ಬರುತ್ತಾರೆ. ಅಂಥವರಿಗೆ ಹೊಸ್ತಿಲಲ್ಲೇ “ಮಾತಾಡಿ ತೋರಿಸಿ” ಎನ್ನುವುದು ನನ್ನ ದೃಷ್ಟಿಯಲ್ಲಿ ಅನುಚಿತ. ಮೇಲಾಗಿ ಈ ಪರೀಕ್ಷೆಯಲ್ಲಿ ಸೋಲುವವರು ಯಾರು? ದಪ್ಪ ಕಂಠದ ಮಹಿಳೆಯರು, ಟ್ರಾನ್ಸ್ ಮಹಿಳೆಯರು, ಮಾತು ಬಾರದವರು, ಪಕ್ಕದ ಕೋಣೆಯಲ್ಲಿ ಮಗು ಮಲಗಿರುವ ಕಾರಣ ಪಿಸುಗುಡಬೇಕಾದವರು. ಗೆಲ್ಲುವವನು, ಧ್ವನಿ ಬದಲಿಸುವ ಸಾಫ್ಟ್‌ವೇರ್ ಹಾಕಿಕೊಂಡು ಬಂದ ಕಿಡಿಗೇಡಿ.

ನಿಜ ನಾಮಧೇಯ ಕಡ್ಡಾಯ ಮಾಡುವ ಉಪಾಯವೂ ಹಳೆಯದೇ. 2010ರ ಜುಲೈನಲ್ಲಿ ಆಟಗಳನ್ನು ತಯಾರಿಸುವ ಬ್ಲಿಝಾರ್ಡ್ ಕಂಪನಿಯು ತನ್ನ ಅಧಿಕೃತ ಚರ್ಚಾ ವೇದಿಕೆಗಳಲ್ಲಿ ಆಟಗಾರರ ನಿಜವಾದ ಹೆಸರನ್ನೇ ತೋರಿಸುವುದಾಗಿ ಪ್ರಕಟಿಸಿತು. ಇದರಲ್ಲಿ ಅಪಾಯವಿಲ್ಲವೆಂದು ತೋರಿಸಲು ಅದರ ಉದ್ಯೋಗಿಯೊಬ್ಬರು ತಮ್ಮ ಹೆಸರನ್ನು ಬರೆದ ಕೆಲವೇ ಹೊತ್ತಿನಲ್ಲಿ ಜನ ಅವರ ಖಾಸಗಿ ವಿವರಗಳನ್ನು ಹುಡುಕಿ ಹಾಕಿದರು. ಮೂರು ದಿನಗಳಲ್ಲಿ ಕಂಪನಿ ಯೋಜನೆಯನ್ನು ಕೈಬಿಟ್ಟಿತು.

ಹಾಗಾದರೆ ಬಾಗಿಲು ತೆರೆದೇ ಇರಬೇಕೇ? ಇಲ್ಲ. ಆದರೆ ಬಂದವರು ಯಾರು ಎಂಬುದಕ್ಕಿಂತ ಹೇಗೆ ನಡೆದುಕೊಳ್ಳುತ್ತಾರೆ ಎಂಬುದನ್ನು ಅಳೆಯುವ ಬಾಗಿಲು ಬೇಕು, ಮತ್ತು ಆ ಅಳತೆಗೆ ಸಮಯ ಬೇಕು. ಹೊಸಬರಿಗೆ ಮೊದಲ ಎರಡು ವಾರ ನಿಯಮಗಳು, ಪರಿಚಯ ಮತ್ತು ತಂಡ ಹುಡುಕುವ ಚಾನೆಲ್‌ಗಳು (ಗುಂಪಿನೊಳಗಿನ ಚರ್ಚೆಯ ವಿಭಾಗಗಳು) ಮಾತ್ರ ಕಾಣಲಿ. ಧ್ವನಿ ಕೋಣೆಗಳು, ಫೋಟೊ ಹಂಚುವ ಜಾಗ ಮತ್ತು ಮನಸ್ಸಿನ ಮಾತು ಹೇಳಿಕೊಳ್ಳುವ ಜಾಗ, ಕೆಲವು ಆಟಗಳನ್ನು ಎಲ್ಲರೊಂದಿಗೆ ಆಡಿದ ನಂತರ ತೆರೆಯಲಿ. ಕೆಡಿಸಲೆಂದೇ ಬಂದವರಲ್ಲಿ ಹೆಚ್ಚಿನವರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. ಪ್ರವೇಶದ ಪ್ರಶ್ನೆಗಳು ಎರಡೇ ಸಾಕು, ಆದರೆ ಅವು ಹೌದು, ಇಲ್ಲ ಎಂದು ಮುಗಿಸುವಂಥವಾಗಿರಬಾರದು. “ನಮ್ಮ ನಿಯಮಗಳಲ್ಲಿ ಯಾವುದು ಅನಗತ್ಯ ಎನಿಸಿತು, ಏಕೆ?” ಎಂದು ಕೇಳಿ ನೋಡಿ. ಉತ್ತರಿಸಬೇಕಾದರೆ ನಿಯಮಗಳನ್ನು ಓದಲೇಬೇಕಾಗುತ್ತದೆ, ಮತ್ತು ಉತ್ತರದ ಧಾಟಿಯಲ್ಲಿ ಮನುಷ್ಯರ ಸ್ವಭಾವ ಅಲ್ಪಸ್ವಲ್ಪ ಹೊರಬರುತ್ತದೆ.

ನಿಯಮಗಳನ್ನು ಕಣ್ಣಿಗೆ ರಾಚುವಂತೆ ಇಟ್ಟರೆ ಹೊಸಬರು ಹೆದರಿ ಹಿಂದೆ ಸರಿಯುತ್ತಾರೆ ಎಂದು ಕೆಲವರು ಅಂಜುತ್ತಾರೆ. 2019ರಲ್ಲಿ ಪ್ರಕಟವಾದ ಪ್ರಯೋಗವೊಂದು ಇದಕ್ಕೆ ತದ್ವಿರುದ್ಧವಾದುದನ್ನು ತೋರಿಸಿತು. ರೆಡಿಟ್ ಎಂಬ ಚರ್ಚಾ ಜಾಲತಾಣದ ದೊಡ್ಡ ವಿಜ್ಞಾನ ಸಮುದಾಯದಲ್ಲಿ ಚರ್ಚೆಗಳ ತಲೆಯಲ್ಲೇ ನಿಯಮಗಳನ್ನು ತೋರಿಸಿದಾಗ, ಹೊಸಬರು ನಿಯಮ ಪಾಲಿಸುವ ಸಾಧ್ಯತೆ ಶೇಕಡಾ 8 ಅಂಶಗಳಿಗಿಂತ ಹೆಚ್ಚು ಏರಿತು; ಅವರ ಭಾಗವಹಿಸುವಿಕೆಯೂ ಸರಾಸರಿ ಶೇ 70ರಷ್ಟು ಹೆಚ್ಚಿತು. ಕಿರುಕುಳದ ಭಯವಿರುವವರಿಗೆ ಗೋಡೆಯ ಮೇಲಿನ ನಿಯಮವೇ ಧೈರ್ಯ ಕೊಡುತ್ತದೆ ಎಂದು ನಾನು ಇದನ್ನು ಅರ್ಥಮಾಡಿಕೊಂಡಿದ್ದೇನೆ. ಆ ನಿಯಮಗಳಲ್ಲಿ ಗುಂಪು ಯಾರಿಗಾಗಿ ಎಂಬುದನ್ನು ಮೊದಲ ದಿನವೇ ಬರೆದಿಡಿ. ತಮ್ಮನ್ನು ಮಹಿಳೆ ಎಂದು ಗುರುತಿಸಿಕೊಳ್ಳುವ ಎಲ್ಲರಿಗೂ ಎನ್ನುವುದಾದರೆ ಹಾಗೆಯೇ ಬರೆಯಿರಿ. ನಾನ್‌ಬೈನರಿ (ತಮ್ಮನ್ನು ಹೆಣ್ಣು ಅಥವಾ ಗಂಡು ಎಂದಷ್ಟೇ ಗುರುತಿಸಿಕೊಳ್ಳದ) ಆಟಗಾರರಿಗೂ ಜಾಗವಿದ್ದರೆ ಅದನ್ನೂ ಸೇರಿಸಿ. ಜಗಳ ಹುಟ್ಟಿದ ಮೇಲೆ ಇದನ್ನು ತೀರ್ಮಾನಿಸಲು ಹೊರಟರೆ, ಒಬ್ಬ ವ್ಯಕ್ತಿಯ ಇರವನ್ನೇ ಮತಕ್ಕೆ ಹಾಕಿದಂತಾಗುತ್ತದೆ.

ಈಗ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಾದ ವಿಷಯಕ್ಕೆ ಬರೋಣ. ಇಂಥ ಗುಂಪುಗಳಲ್ಲಿ ತೊಂದರೆಯ ದೊಡ್ಡ ಪಾಲು ಎಲ್ಲರೂ ನೋಡುವ ಚಾನೆಲ್‌ನಲ್ಲಿ ನಡೆಯುವುದಿಲ್ಲ, ಖಾಸಗಿ ಸಂದೇಶಗಳಲ್ಲಿ ನಡೆಯುತ್ತದೆ. ಮೊದಲ ದಿನ “ಚೆನ್ನಾಗಿ ಆಡಿದೆ” ಎಂಬ ಮೆಚ್ಚುಗೆ ಬರುತ್ತದೆ. ಮೂರನೆಯ ದಿನ ಆಟದೊಳಗಿನ ಸ್ಕಿನ್ (ಪಾತ್ರಕ್ಕೆ ತೊಡಿಸುವ ವೇಷ) ಒಂದು ಉಡುಗೊರೆಯಾಗಿ ಬರುತ್ತದೆ. ವಾರ ಕಳೆಯುವಷ್ಟರಲ್ಲಿ “ಅವರ ತಂಡದಲ್ಲಿ ಯಾಕೆ ಆಡುತ್ತೀಯ, ನನ್ನ ಜೊತೆಗೇ ಆಡು” ಎಂಬ ಮಾತು, ಆಮೇಲೆ ಫೋನ್ ನಂಬರ್, ಕೊಡಲಿಲ್ಲವೆಂದರೆ “ಅಷ್ಟೆಲ್ಲ ಕೊಟ್ಟೆನಲ್ಲ” ಎಂಬ ಸಿಟ್ಟು. ಕೊನೆಯದೊಂದನ್ನು ಬಿಟ್ಟರೆ ಈ ಸಂದೇಶಗಳಲ್ಲಿ ಯಾವುದೂ ಬಿಡಿಯಾಗಿ ನಿಯಮ ಮುರಿದಿಲ್ಲ, ಕೆಟ್ಟ ಮಾತನ್ನು ತಾನಾಗಿಯೇ ಹಿಡಿಯುವ ಯಾವ ಬಾಟ್‌ಗೂ (ಸ್ವಯಂಚಾಲಿತ ಸಾಫ್ಟ್‌ವೇರ್‌ಗೂ) ಅವು ಸಿಕ್ಕುವುದಿಲ್ಲ. ಇಲ್ಲಿ ಎರಡು ಕೆಲಸ ಮಾಡಬೇಕು. ಗುಂಪಿನ ಇತರ ಸದಸ್ಯರಿಂದ ನೇರ ಸಂದೇಶ ಬರದಂತೆ ತಡೆಯುವ ಸೆಟ್ಟಿಂಗ್ ಡಿಸ್ಕಾರ್ಡ್‌ನಲ್ಲಿ ಪ್ರತಿ ಸರ್ವರ್‌ಗೂ, ಅಂದರೆ ಪ್ರತಿ ಗುಂಪಿಗೂ, ಪ್ರತ್ಯೇಕವಾಗಿ ಇದೆ. ಅದನ್ನು ಸದಸ್ಯೆಯರ ಪರವಾಗಿ ನೀವು ಬದಲಿಸಲಾರಿರಿ, ಆದ್ದರಿಂದ ಸ್ವಾಗತ ಸಂದೇಶದಲ್ಲೇ ಅದನ್ನು ಹೇಗೆ ಬದಲಿಸುವುದೆಂದು ಹೇಳಿಕೊಡಿ. ಮತ್ತು ಗುಂಪಿನ ಪರಿಚಯದಿಂದ ಹುಟ್ಟಿದ ಖಾಸಗಿ ಮಾತುಕತೆಗೂ ಗುಂಪಿನ ನಿಯಮ ಅನ್ವಯಿಸುತ್ತದೆ ಎಂದು ಸ್ಪಷ್ಟವಾಗಿ ಬರೆಯಿರಿ. ಇಲ್ಲವಾದರೆ ದೂರು ಬಂದಾಗ “ಅದು ಹೊರಗಡೆ ನಡೆದದ್ದು” ಎಂಬ ನೆಪ ಸಿದ್ಧವಾಗಿರುತ್ತದೆ.

ದೂರು ಕೊಡುವ ದಾರಿಯಲ್ಲಿ ಸಾಕ್ಷ್ಯ ಕಡ್ಡಾಯವಾಗಬಾರದು. “ಏನೋ ಸರಿಯಿಲ್ಲ ಅನಿಸುತ್ತಿದೆ” ಎಂಬಷ್ಟಕ್ಕೂ ಜಾಗವಿರಲಿ. ಒಬ್ಬರ ಅನಿಸಿಕೆಯ ಮೇಲೆ ಯಾರನ್ನೂ ಹೊರಹಾಕುವುದಿಲ್ಲ. ಆದರೆ ಮೂವರು ಬೇರೆ ಬೇರೆಯಾಗಿ ಒಂದೇ ಖಾತೆಯಿಂದ ಬಂದ ಉಡುಗೊರೆಯ ಬಗ್ಗೆ ಹೇಳಿದಾಗ, ಬರೆದಿಟ್ಟ ದಾಖಲೆ ಇದ್ದರೆ ಮಾತ್ರ ಅದು ಕಣ್ಣಿಗೆ ಬೀಳುತ್ತದೆ. ದಾಖಲೆಯಲ್ಲಿ ದಿನಾಂಕ, ನಡೆದದ್ದು, ನೀವು ಕೈಗೊಂಡ ಕ್ರಮ, ಜೊತೆಗೆ ಖಾತೆಯ ಅಂಕಿಗಳ ಐಡಿ ಇರಲಿ, ಏಕೆಂದರೆ ಹೆಸರು ಬದಲಿಸಿದರೂ ಆ ಐಡಿ ಬದಲಾಗುವುದಿಲ್ಲ.

ಒಳಗಿನವರಿಂದಲೇ ಆಗುವ ನೋವು ಇನ್ನೊಂದು ಬಗೆಯದು, ಮತ್ತು ಗುರುತಿನ ಚೀಟಿ ಇದಕ್ಕೆ ಯಾವ ರೀತಿಯಲ್ಲೂ ಮದ್ದಲ್ಲ. ತಂಡ ಹುಡುಕುವ ಚಾನೆಲ್‌ನಲ್ಲಿ ಹೊಸಬಳೊಬ್ಬಳು “ಮೊನ್ನೆಯಷ್ಟೇ ಆಡಲು ಶುರುಮಾಡಿದ್ದೇನೆ, ಯಾರಾದರೂ ಬರುತ್ತೀರಾ?” ಎಂದು ಬರೆಯುತ್ತಾಳೆ ಎಂದುಕೊಳ್ಳಿ. ಹಳೆಯ ಸದಸ್ಯೆಯೊಬ್ಬಳು “ಹಾಗಾದರೆ ಹೀಲರ್ ಆಡು, ಸುಮ್ಮನೆ ಹಿಂದೆ ನಿಂತಿರು” ಎಂದು ನಗುವ ಇಮೋಜಿ ಹಾಕುತ್ತಾಳೆ. ಬೈಗುಳ ಇಲ್ಲ, ಬೆದರಿಕೆ ಇಲ್ಲ. ಆದರೆ ಹೆಂಗಸರೆಂದರೆ ಹಿಂದೆ ನಿಂತು ಗಾಯ ವಾಸಿಮಾಡುವವರು ಎಂಬ ಮಾತನ್ನು ಎಲ್ಲ ಕಡೆ ಕೇಳಿ ಬೇಸತ್ತವಳು ಇಲ್ಲಿಯೂ ಅದನ್ನೇ ಕೇಳಿದಳು. ಹತ್ತು ನಿಮಿಷದೊಳಗೆ ಗುಂಪಿನ ಮೇಲ್ವಿಚಾರಣೆ ನೋಡಿಕೊಳ್ಳುವ ಮಾಡರೇಟರ್ ಒಬ್ಬರು ಅಲ್ಲಿಯೇ, ಎಲ್ಲರಿಗೂ ಕಾಣುವಂತೆ, “ಇಲ್ಲಿ ಪಾತ್ರವನ್ನು ಆಡುವವರೇ ಆರಿಸಿಕೊಳ್ಳುತ್ತಾರೆ. ನಿಮಗೆ ಯಾವುದು ಇಷ್ಟ? ಒಂಬತ್ತಕ್ಕೆ ನಾನು ಬರುತ್ತೇನೆ” ಎಂದು ಬರೆದರೆ ಸಾಕು, ಶಿಕ್ಷೆಯ ಅಗತ್ಯವಿಲ್ಲ. ಮರುದಿನ ಬರೆದರೆ ಓದಲು ಆ ಹೊಸಬಳು ಅಲ್ಲಿ ಇರುವುದಿಲ್ಲ. ಮೊಬೈಲ್ ಆಟ ಆಡುವವರನ್ನು “ನಿಜವಾದ ಗೇಮರ್” ಅಲ್ಲವೆಂದು ಅಳೆಯುವ ಮಾತಿಗೂ ಇದೇ ಕ್ರಮ.

ತಾಂತ್ರಿಕ ವ್ಯವಸ್ಥೆಯ ವಿಷಯದಲ್ಲಿ ಒಂದೇ ಮಾತು: ಮೊದಲೇ ಹೊಂದಿಸಿಟ್ಟ ಆಯ್ಕೆಗಳಿಗೆ ಗಮನ ಕೊಡಿ. ‘ಲೀಗ್ ಆಫ್ ಲೆಜೆಂಡ್ಸ್’ ಆಟದಲ್ಲಿ ಎದುರಾಳಿ ತಂಡದೊಂದಿಗಿನ ಚಾಟ್ ಅನ್ನು ತೆಗೆದುಹಾಕದೆ, ಬೇಕೆಂದವರು ತಾವೇ ತೆರೆದುಕೊಳ್ಳುವಂತೆ ಬದಲಿಸಿದಷ್ಟಕ್ಕೇ ಕೆಟ್ಟ ಮಾತು ಶೇ 30ಕ್ಕಿಂತ ಹೆಚ್ಚು ತಗ್ಗಿತು. ಚಾಟ್ ಬಳಕೆ ಮಾತ್ರ ಬಹುತೇಕ ಮೊದಲಿನಂತೆಯೇ ಉಳಿಯಿತು. 2019ರಲ್ಲಿ ಬಂದ ‘ಏಪೆಕ್ಸ್ ಲೆಜೆಂಡ್ಸ್’ ಆಟದ ಪಿಂಗ್ ವ್ಯವಸ್ಥೆಯಂತೂ ಶತ್ರು ಎಲ್ಲಿದ್ದಾನೆ, ಯಾವ ವಸ್ತು ಎಲ್ಲಿದೆ ಎಂಬುದನ್ನೆಲ್ಲ ಒಂದು ಮಾತೂ ಆಡದೆ ತಂಡಕ್ಕೆ ತಿಳಿಸಲು ಅನುವು ಮಾಡಿಕೊಟ್ಟಿತು. ನಿಮ್ಮ ಗುಂಪಿನ ಆಟದ ಸಂಜೆಗಳಲ್ಲಿಯೂ ಮೈಕ್ ಐಚ್ಛಿಕವಾಗಿರಲಿ, ಮತ್ತು ಮೈಕ್ ಇಲ್ಲದವರನ್ನು ಕಾರಣ ಕೇಳುವುದು ಬೇಡ.

ಶಿಕ್ಷೆ ಮೆಟ್ಟಿಲುಮೆಟ್ಟಿಲಾಗಿ ಏರಲಿ: ಎಚ್ಚರಿಕೆ, ಕೆಲ ದಿನಗಳ ಮೌನ, ನಂತರ ಬ್ಯಾನ್. ಬೆದರಿಕೆ ಮತ್ತು ವೈಯಕ್ತಿಕ ಮಾಹಿತಿ ಬಯಲು ಮಾಡುವುದಕ್ಕೆ ಮಾತ್ರ ಮೆಟ್ಟಿಲು ಬೇಡ, ನೇರವಾಗಿ ಹೊರಗೆ. ಪ್ರತಿ ಬಾರಿಯೂ ಯಾವ ಮಾತಿಗೆ ಶಿಕ್ಷೆ ಎಂಬುದನ್ನು ಅದೇ ಮಾತನ್ನು ಉದ್ಧರಿಸಿ ತಿಳಿಸಿ. ಮಾಡರೇಟರ್‌ಗಳು ಸರದಿಯಂತೆ ಕೆಲಸ ಮಾಡಲಿ. ದಿನವೂ ಹೊಲಸನ್ನು ಓದುವವರಿಗೆ ಬಿಡುವು ಬೇಕು.

ಇನ್ನೊಂದು ಮಾತನ್ನು ನೀವು ಕೇಳಿಲ್ಲ, ಆದರೂ ಹೇಳಬೇಕು. ಇಂಥ ಗುಂಪುಗಳು ಒಡೆಯುವುದು ಹೊರಗಿನಿಂದ ನುಸುಳಿದವರಿಂದಲ್ಲ. ಸ್ಥಾಪಕರ ಆಪ್ತರ ಮೇಲೆ, ಅಥವಾ ತಂಡದ ಅತ್ಯುತ್ತಮ ಆಟಗಾರ್ತಿಯ ಮೇಲೆ ದೂರು ಬಂದು ಅದು ಮುಚ್ಚಿಹೋದಾಗ ಎಂಬುದು ನನ್ನ ಅನಿಸಿಕೆ. ಆದ್ದರಿಂದ ನಿಮ್ಮ ನಾಲ್ವರಲ್ಲಿ ಒಬ್ಬರ ಮೇಲೆ ದೂರು ಬಂದರೆ ವಿಚಾರಿಸುವವರು ಯಾರು ಎಂಬುದನ್ನು ಸರ್ವರ್ ತೆರೆಯುವ ಮೊದಲೇ, ಇನ್ನೂ ಯಾರ ಮೇಲೂ ಯಾರಿಗೂ ಮುನಿಸಿಲ್ಲದ ಈ ಹೊತ್ತಿನಲ್ಲಿ, ಕೂತು ಬರೆಯಿರಿ. ಹಾಗೆ ವಿಚಾರಿಸುವ ಐದನೆಯ ವ್ಯಕ್ತಿ ನಾಲ್ವರಲ್ಲಿ ಯಾರಿಗೂ ಹತ್ತಿರದವರಾಗಿರಬಾರದು, ಮತ್ತು ಅವರನ್ನು ಸಂಪರ್ಕಿಸುವ ದಾರಿ ನಿಯಮಗಳ ಪುಟದಲ್ಲೇ ಎಲ್ಲ ಸದಸ್ಯೆಯರಿಗೂ ಕಾಣುವಂತಿರಬೇಕು.